ಕಣ್ಣುರೆಪ್ಪೆಯ ಶಸ್ತ್ರಚಿಕಿತ್ಸೆಯ ನಂತರ ಉಳಿಯುವ ಗುರುತು ಮತ್ತು ಕಪ್ಪು: ನಮ್ಮ ಮೈಬಣ್ಣದವರಿಗಾಗಿ ಒಂದು ಅಧ್ಯಯನ ಟಿಪ್ಪಣಿ

ಕೋಲಾರದಲ್ಲಿ ನನ್ನೊಂದಿಗೆ ಚರ್ಮರೋಗ ವಿಭಾಗದ ಪೋಸ್ಟಿಂಗ್ ಮಾಡುತ್ತಿರುವವರಿಗೂ, ಮುಂದಿನ ತಂಡದಲ್ಲಿ ಬರುವವರಿಗೂ ಉಪಯೋಗಕ್ಕೆ ಬರಲಿ ಎಂದು, ವಿಷಯ ತಲೆಯಲ್ಲಿ ಹಸಿಯಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ. ಬ್ಲೆಫರೋಪ್ಲಾಸ್ಟಿ, ಅಂದರೆ ಜೋತುಬಿದ್ದ ರೆಪ್ಪೆಯ ಚರ್ಮವನ್ನೋ ಊದಿಕೊಂಡ ಕೊಬ್ಬನ್ನೋ ತೆಗೆಯುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡವರು ಒಪಿಡಿಗೆ ಬಂದು ಹೇಳುವ ದೂರು ಸಾಮಾನ್ಯವಾಗಿ ಒಂದೇ ಮಾತಿನಲ್ಲಿರುತ್ತದೆ: "ಆಪರೇಷನ್ ಆದ ಜಾಗ ಕಪ್ಪಾಗಿದೆ ಡಾಕ್ಟ್ರೇ, ಏನಾದರೂ ಹಚ್ಚೋಕೆ ಬರೆದುಕೊಡಿ." ಆ ಒಂದು ಮಾತಿನ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ಒಂದಕ್ಕೆ ಕೊಡುವ ಔಷಧಿಯಿಂದ ಇನ್ನೊಂದಕ್ಕೆ ಪ್ರಯೋಜನವಿಲ್ಲ, ಕೆಲವೊಮ್ಮೆ ಅಪಾಯವೂ ಉಂಟು. ಆದ್ದರಿಂದ ಏನು ಹಚ್ಚಬೇಕು ಎನ್ನುವುದಕ್ಕಿಂತ ಮೊದಲು ಅದು ಯಾವ ಕಪ್ಪು ಎಂದು ತಿಳಿಯಬೇಕು. ಈ ಟಿಪ್ಪಣಿಯ ಬಹುಪಾಲು ಅದರ ಬಗ್ಗೆಯೇ ಇದೆ.

ರೆಪ್ಪೆಯ ಚರ್ಮ

ಇಡೀ ದೇಹದಲ್ಲಿ ಅತ್ಯಂತ ತೆಳುವಾದ ಚರ್ಮ ರೆಪ್ಪೆಯದು. ಅದರ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ, ಅಡಿಯಲ್ಲಿ ಕೊಬ್ಬಿನ ಪದರವೂ ಇಲ್ಲವೆನ್ನುವಷ್ಟು ಅಲ್ಪ. ಇದರಿಂದ ಒಂದು ಅನುಕೂಲ, ಒಂದು ಅನನುಕೂಲ ಎರಡೂ ಇವೆ. ಗಾಯ ಬೇಗ ಕೂಡಿಕೊಂಡು ಸಣ್ಣ ಗೆರೆಯಾಗಿ ನಿಲ್ಲುತ್ತದೆ, ಗಾಯದ ಗೆರೆಯನ್ನೂ ಮೀರಿ ಬೆಳೆಯುವ ಉಬ್ಬು, ಅಂದರೆ ಕೀಲಾಯ್ಡ್, ಇಲ್ಲಿ ಬಹಳ ಅಪರೂಪ. ಆದರೆ ಕೆಳಗಿರುವ ರಕ್ತನಾಳ, ಸ್ನಾಯು, ಸೋರಿದ ರಕ್ತ ಎಲ್ಲದರ ಬಣ್ಣವೂ ಮೇಲಕ್ಕೆ ಕಾಣುತ್ತದೆ.

ಮೈಬಣ್ಣವನ್ನು ವರ್ಗೀಕರಿಸಲು ನಾವು ಬಳಸುವುದು ಅಮೆರಿಕದ ಚರ್ಮವೈದ್ಯ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ ಕ್ರಮವನ್ನು. ಕಪ್ಪು ಬಣ್ಣದ 5 ಮತ್ತು 6ನೆಯ ವರ್ಗಗಳು ಅದಕ್ಕೆ ಆಮೇಲೆ ಸೇರಿದವು. ನಮ್ಮ ಒಪಿಡಿಗೆ ಬರುವವರಲ್ಲಿ ಹೆಚ್ಚಿನವರು 4 ಅಥವಾ 5ನೆಯ ವರ್ಗದವರು. ಬಿಳಿಯರಿಗೂ ನಮಗೂ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳ (ಮೆಲನೊಸೈಟ್‌ಗಳ) ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಆ ಕೋಶಗಳ ಚಟುವಟಿಕೆಯಲ್ಲಿ, ಅವು ಹಂಚುವ ಮೆಲನಿನ್ ಪೊಟ್ಟಣಗಳ ಗಾತ್ರದಲ್ಲಿ ಮತ್ತು ಹಂಚಿಕೆಯಲ್ಲಿ.

ಯಾವ ಕಪ್ಪು?

ಮೊದಲನೆಯದು ಉರಿಯೂತದ ನಂತರ ಬರುವ ಮೆಲನಿನ್ ಕಪ್ಪು. ಚರ್ಮಕ್ಕೆ ಪೆಟ್ಟಾದಾಗ ಬಿಡುಗಡೆಯಾಗುವ ಪ್ರೋಸ್ಟಗ್ಲಾಂಡಿನ್, ಲ್ಯೂಕೋಟ್ರಯೀನ್ ಮೊದಲಾದ ರಾಸಾಯನಿಕಗಳು ಮೆಲನೊಸೈಟ್‌ಗಳನ್ನು ಕೆರಳಿಸುತ್ತವೆ; ಅವು ಹೆಚ್ಚು ಮೆಲನಿನ್ ತಯಾರಿಸಿ ಸುತ್ತಲಿನ ಕೋಶಗಳಿಗೆ ಕೊಡುತ್ತವೆ. ಈ ಮೆಲನಿನ್ ಹೊರಚರ್ಮದಲ್ಲೇ ಉಳಿದರೆ ಕಂದಾಗಿ ಕಂಡು, ಹಲವು ತಿಂಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಪೆಟ್ಟು ಆಳವಾಗಿ ಹೊರಚರ್ಮದ ತಳದ ಪೊರೆ ಹಾಳಾದರೆ ಮೆಲನಿನ್ ಒಳಚರ್ಮಕ್ಕೆ ಉದುರುತ್ತದೆ, ಅಲ್ಲಿ ಮ್ಯಾಕ್ರೊಫೇಜ್ ಕೋಶಗಳು ಅದನ್ನು ನುಂಗಿ ಇಟ್ಟುಕೊಳ್ಳುತ್ತವೆ. ಆಗ ಬಣ್ಣ ನೀಲಿ ಬೆರೆತ ಬೂದಿಯಂತೆ ಕಾಣುತ್ತದೆ. ತಿಳಿಯಾಗಲು ವರ್ಷಗಳೇ ಹಿಡಿಯಬಹುದು.

ಎರಡನೆಯದು ರಕ್ತದ ಕಲೆ. ಶಸ್ತ್ರಚಿಕಿತ್ಸೆಯಲ್ಲಿ ಸೋರಿದ ರಕ್ತದ ಹಿಮೋಗ್ಲೋಬಿನ್ ಒಡೆದು ಮೊದಲು ಹಸಿರು ಛಾಯೆಯ ಬಿಲಿವರ್ಡಿನ್, ಆಮೇಲೆ ಹಳದಿಯ ಬಿಲಿರುಬಿನ್ ಆಗುತ್ತದೆ. ಅದರ ಕಬ್ಬಿಣದ ಅಂಶ ಹೀಮೋಸಿಡೆರಿನ್ ಆಗಿ ಉಳಿದರೆ ತುಕ್ಕಿನ ಕಂದು ಬಣ್ಣ. ನೀಲಿಗಟ್ಟಿದ್ದು ಬಹುಪಾಲು ಜನರಲ್ಲಿ ಎರಡು ವಾರದ ಆಸುಪಾಸಿನಲ್ಲಿ ಕರಗಿಹೋಗುತ್ತದೆ; ಕರಗದೆ ಉಳಿದ ಕಬ್ಬಿಣ ಕೆಲವರಲ್ಲಿ ತಿಂಗಳುಗಟ್ಟಲೆ ಕಾಣುತ್ತದೆ.

ಈ ಎರಡು ಕಂದುಗಳನ್ನು ಬೇರ್ಪಡಿಸುವುದೇ ಅತ್ಯಂತ ಕಷ್ಟದ ಹಂತವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎರಡೂ ಕಂದು, ಎರಡೂ ಒಳಚರ್ಮದ ಮ್ಯಾಕ್ರೊಫೇಜ್‌ಗಳಲ್ಲಿ ಇರಬಹುದು. ಪ್ರಯೋಗಾಲಯದಲ್ಲಾದರೆ ಪರ್ಲ್ಸ್ ಬಣ್ಣ ಹಾಕಿದಾಗ ಕಬ್ಬಿಣ ನೀಲಿಯಾಗುತ್ತದೆ, ಫಾಂಟಾನಾ-ಮ್ಯಾಸನ್ ಬಣ್ಣಕ್ಕೆ ಮೆಲನಿನ್ ಕಪ್ಪಾಗುತ್ತದೆ. ಆದರೆ ಇಷ್ಟಕ್ಕಾಗಿ ಯಾರೂ ರೆಪ್ಪೆಯ ಚರ್ಮ ಕತ್ತರಿಸಿ ಬಯಾಪ್ಸಿಗೆ ಕಳುಹಿಸುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಎರಡೇ: ಯಾವಾಗ ಬಂತು, ಎಲ್ಲಿದೆ.

ಯಾವಾಗ ಎಂದರೆ, ರಕ್ತದ ಕಲೆ ಮೊದಲ ದಿನದ ನೀಲಿಯಿಂದಲೇ ಶುರುವಾಗಿ, ಬಣ್ಣ ಬದಲಿಸುತ್ತಾ ಬಂದು ಕಂದಿಗೆ ನಿಂತಿರುತ್ತದೆ. ರೋಗಿಯನ್ನು ಕೇಳಿದರೆ "ಅವತ್ತಿನಿಂದ ಹೋಗಲೇ ಇಲ್ಲ" ಎನ್ನುತ್ತಾರೆ. ಮೆಲನಿನ್ ಕಪ್ಪು ಹಾಗಲ್ಲ, ನಡುವೆ ಬಿಡುವು ಇರುತ್ತದೆ. ಊತ ಇಳಿದು, ಹೊಲಿಗೆ ಬಿಚ್ಚಿ, ಎಲ್ಲ ಸರಿಹೋಯಿತು ಎಂದುಕೊಂಡ ಕೆಲವು ವಾರಗಳ ಮೇಲೆ ಗೆರೆಯ ಸುತ್ತ ಕಪ್ಪು ಏರತೊಡಗುತ್ತದೆ.

ಎಲ್ಲಿ ಎಂಬುದು ಇನ್ನೂ ಸ್ಪಷ್ಟವಾದ ಸುಳಿವು. ಮೆಲನಿನ್ ಕಪ್ಪು ಪೆಟ್ಟು ಬಿದ್ದಲ್ಲೇ ಬರುತ್ತದೆ: ಕೊಯ್ದ ಗೆರೆಯ ಉದ್ದಕ್ಕೆ, ಹೊಲಿಗೆಯ ಚುಕ್ಕೆಗಳಲ್ಲಿ, ಪ್ಲಾಸ್ಟರ್ ಅಂಟಿಗೆ ಅಲರ್ಜಿಯಾಗಿದ್ದರೆ ಆ ಪ್ಲಾಸ್ಟರಿನ ಆಕಾರದಲ್ಲೇ. ರಕ್ತ ಹಾಗೆ ನಿಲ್ಲುವುದಿಲ್ಲ, ಕೆಳಕ್ಕೆ ಇಳಿಯುತ್ತದೆ. ಮೇಲ್ರೆಪ್ಪೆಯನ್ನು ಮಾತ್ರ ಕೊಯ್ದಿದ್ದು, ಚಾಕು ಮುಟ್ಟದ ಕೆಳರೆಪ್ಪೆಯಲ್ಲಿ ಅಥವಾ ಕೆನ್ನೆಯ ಮೇಲ್ಭಾಗದಲ್ಲಿ ಕಂದು ಕುಳಿತಿದ್ದರೆ ಅದು ಇಳಿದುಬಂದ ರಕ್ತದ್ದು ಎಂದು ಮೊದಲು ಯೋಚಿಸಬೇಕು. ಎರಡೂ ಒಟ್ಟಿಗೆ ಇರುವುದೂ ಉಂಟು, ಏಕೆಂದರೆ ಸೋರಿದ ರಕ್ತವೂ ಉರಿಯೂತ ಉಂಟುಮಾಡುತ್ತದೆ. ಆಗ ಗೆರೆಯ ಕಪ್ಪನ್ನೂ ಕೆನ್ನೆಯ ಕಪ್ಪನ್ನೂ ಕೇಸ್ ಶೀಟಿನಲ್ಲಿ ಬೇರೆ ಬೇರೆಯಾಗಿಯೇ ಬರೆಯಬೇಕು.

ಮೂರನೆಯದು ಇನ್ನೂ ಆರದ ಕೆಂಪು. ಪಠ್ಯಪುಸ್ತಕದ ಚಿತ್ರಗಳಲ್ಲಿ ಹೊಸ ಗಾಯದ ಗೆರೆ ಗುಲಾಬಿಯಾಗಿರುತ್ತದೆ. ನಮ್ಮ ಚರ್ಮದಲ್ಲಿ ಅದೇ ಕೆಂಪು ನೇರಳೆಯಾಗಿ ಅಥವಾ ಗಾಢ ಕಂದಾಗಿ ಕಾಣುವುದರಿಂದ ಸುಲಭವಾಗಿ ಕಪ್ಪು ಎನಿಸಿಕೊಳ್ಳುತ್ತದೆ. ನಾಲ್ಕನೆಯದು ಶಸ್ತ್ರಚಿಕಿತ್ಸೆಗೆ ಮೊದಲೇ ಇದ್ದ ಕಣ್ಣಿನ ಸುತ್ತಲಿನ ಕಪ್ಪು, ಇಲ್ಲವೇ ಕೆಳರೆಪ್ಪೆ ಮತ್ತು ಕೆನ್ನೆ ಕೂಡುವ ತಗ್ಗಿನ ನೆರಳು. ಊದಿದ ಕೊಬ್ಬು ತೆಗೆದ ಮೇಲೆ ಈ ತಗ್ಗು ಮೊದಲಿಗಿಂತ ಎದ್ದು ಕಾಣಬಹುದು. ನೆರಳಿಗೆ ಯಾವ ಕ್ರೀಮೂ ಇಲ್ಲ.

ಇದೆಲ್ಲದರಿಂದ ಬೇರೆಯಾಗಿ ಒಂದು ಎಚ್ಚರಿಕೆ: ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ಕಣ್ಣು ಏಕಾಏಕಿ ಬಿಗಿದು, ತೀವ್ರವಾಗಿ ನೋಯುತ್ತಾ, ದೃಷ್ಟಿ ಮಂಜಾದರೆ ಅದು ಬಣ್ಣದ ಪ್ರಶ್ನೆಯಲ್ಲ. ಕಣ್ಣುಗುಡ್ಡೆಯ ಹಿಂದೆ ರಕ್ತ ತುಂಬುತ್ತಿರಬಹುದು. ಆ ಕ್ಷಣದಲ್ಲೇ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.

ಎಳೆ, ಒತ್ತು, ಬೆಳಕು ತಿರುಗಿಸು

ನನಗೆ ಅತ್ಯಂತ ಇಷ್ಟವಾದ ಉಪಾಯವಿದು. ಯಂತ್ರ ಬೇಡ, ಕಿಟಕಿಯ ಪಕ್ಕ ಒಂದು ಸ್ಟೂಲು ಸಾಕು. ಮುಳಬಾಗಿಲು ಕಡೆಯಿಂದ ಸೊಸೆಯೊಂದಿಗೆ ಬಂದಿದ್ದ ಹಿರಿಯರೊಬ್ಬರನ್ನು ನಮ್ಮ ಮೇಡಂ ಹಾಗೆ ಕಿಟಕಿಗೆ ಮುಖ ಮಾಡಿ ಕೂರಿಸಿದರು. "ಅಮ್ಮಾ, ಸ್ವಲ್ಪ ಗದ್ದ ಮೇಲಕ್ಕೆ ಎತ್ತಿ" ಎಂದು, ಹೆಬ್ಬೆರಳಿನಿಂದ ಕೆಳರೆಪ್ಪೆಯ ಚರ್ಮವನ್ನು ಕೆನ್ನೆಯ ಕಡೆಗೆ ಮೆಲ್ಲಗೆ ಎಳೆದರು. ಎಳೆದಾಗ ಮೆಲನಿನ್ ಕಪ್ಪು ಇದ್ದಂತೆಯೇ ಇರುತ್ತದೆ. ರಕ್ತನಾಳಗಳ ಬಣ್ಣವಾದರೆ ಚರ್ಮ ತೆಳುವಾದಷ್ಟೂ ನೇರಳೆ ಹೆಚ್ಚುತ್ತದೆ. ಆಮೇಲೆ ಸೂಕ್ಷ್ಮದರ್ಶಕದ ಗಾಜಿನ ಸ್ಲೈಡನ್ನು ಗೆರೆಯ ಮೇಲೆ, ಕಣ್ಣುಗುಡ್ಡೆಗೆ ಭಾರ ಬೀಳದಂತೆ ಕಣ್ಣುಗೂಡಿನ ಮೂಳೆಯ ಕಡೆಗೆ ಒತ್ತಿ ನೋಡಿದರು: ನಾಳದೊಳಗೆ ಹರಿಯುವ ರಕ್ತದ ಕೆಂಪು ಒತ್ತಿದಾಗ ಮಾಸುತ್ತದೆ, ಮೆಲನಿನ್ ಮತ್ತು ಸೋರಿ ಉಳಿದ ಕಬ್ಬಿಣ ಮಾಸುವುದಿಲ್ಲ. ಕೊನೆಗೆ ಟಾರ್ಚನ್ನು ಮೇಲಿನಿಂದ ಕೆಳಕ್ಕೆ ತಂದು ಎದುರಿನಿಂದ ಹಿಡಿದಾಗ ಕಣ್ಣಿನಡಿಯ ಅರ್ಧ ಕಪ್ಪು ಮಾಯವಾಯಿತು. ಅಷ್ಟು ಭಾಗ ನೆರಳು.

ಆ ಸೊಸೆಯ ಮೊಬೈಲಿನಲ್ಲಿ ಹಳೆಯ ಮದುವೆ ಫೋಟೊ ಇತ್ತು. ಅತ್ತೆಯ ಕಣ್ಣಿನ ಸುತ್ತ ಉಳಿದಿದ್ದ ಕಂದು ಅದರಲ್ಲೂ ಇತ್ತು. ಹಳೆಯ ಫೋಟೊ ಕೇಳುವುದನ್ನು ರೂಢಿ ಮಾಡಿಕೊಳ್ಳೋಣ. ಶಸ್ತ್ರಚಿಕಿತ್ಸೆಯ ಮೇಲೆ ಹೊರಿಸಿದ ಎಷ್ಟೋ ಕಪ್ಪು ಮೊದಲೇ ಇದ್ದದ್ದು ಎಂದು ಅದರಿಂದ ತಿಳಿಯುತ್ತದೆ. ಅತಿನೇರಳೆ ಬೆಳಕು ಬೀರುವ ವುಡ್ಸ್ ದೀಪದಡಿ ಹೊರಚರ್ಮದ ಮೆಲನಿನ್ ಎದ್ದು ಕಾಣುತ್ತದೆ ಎಂದು ಓದುತ್ತೇವೆ. ಆದರೆ 5 ಮತ್ತು 6ನೆಯ ವರ್ಗದ ಚರ್ಮದಲ್ಲಿ ಆ ವ್ಯತ್ಯಾಸ ಸರಿಯಾಗಿ ಕಾಣದ ಕಾರಣ ಅದರ ಮೇಲೆಯೇ ತೀರ್ಮಾನ ಮಾಡಬಾರದು.

ಹಚ್ಚುವ ಔಷಧಿಗಳು

ಹೈಡ್ರೊಕ್ವಿನೋನ್ ಟೈರೊಸಿನೇಸ್ ಎಂಬ ಕಿಣ್ವವನ್ನು ತಡೆದು ಹೊಸ ಮೆಲನಿನ್ ತಯಾರಾಗದಂತೆ ಮಾಡುತ್ತದೆ. ಅಂದರೆ ಅದು ಹೊರಚರ್ಮದ ಕಂದಿಗೆ ಉಪಯುಕ್ತ, ಒಳಚರ್ಮಕ್ಕೆ ಆಗಲೇ ಉದುರಿದ ಮೆಲನಿನ್ನಿಗೆ ಬಹಳ ಕಡಿಮೆ, ಹೀಮೋಸಿಡೆರಿನ್‌ಗೆ ಏನೇನೂ ಇಲ್ಲ. ಮೇಲಿನ ವಿಂಗಡಣೆಗೆ ಅಷ್ಟು ಜಾಗ ಕೊಟ್ಟಿದ್ದು ಇದಕ್ಕಾಗಿಯೇ. ಶೇ. 2ರಿಂದ 4ರ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ, ಕೆಲವೇ ತಿಂಗಳ ಮಟ್ಟಿಗೆ ಬಳಸಬೇಕು. ವರ್ಷಗಟ್ಟಲೆ ಹಚ್ಚಿದರೆ ಓಕ್ರೊನೋಸಿಸ್ ಎಂಬ ನೀಲಿಗಪ್ಪು ಬಣ್ಣ ಶಾಶ್ವತವಾಗಿ ಕೂರಬಹುದು. ರೆಪ್ಪೆಯಲ್ಲಿ ಇನ್ನೊಂದು ತೊಡಕಿದೆ: ಉರಿ ಬಂದರೆ ಆ ಉರಿಯೇ ಹೊಸ ಉರಿಯೂತ, ಅದರಿಂದ ಹೊಸ ಕಪ್ಪು. ಹಾಗಾಗಿ ನಯಾಸಿನಮೈಡ್, ಅಜೆಲೈಕ್ ಆಮ್ಲ, ವಿಟಮಿನ್ ಸಿಯಂಥವುಗಳನ್ನು ಗಾಯ ಪೂರ್ತಿ ಮುಚ್ಚಿದ ಮೇಲೆ, ರೆಪ್ಪೆಯ ಅಂಚಿಗೆ ಸೋಕದಂತೆ, ಅಲ್ಪ ಪ್ರಮಾಣದಲ್ಲಿ ಆರಂಭಿಸುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ರೆಟಿನಾಯ್ಡ್ (ಟ್ರೆಟಿನಾಯಿನ್‌ನಂಥ, ವಿಟಮಿನ್ ಎ ಬಗೆಯ ಔಷಧಿ) ರೆಪ್ಪೆಯನ್ನು ಸುಲಭವಾಗಿ ಕೆರಳಿಸುತ್ತದೆ, ಗರ್ಭಿಣಿಯರಿಗಂತೂ ಬೇಡ.

ಮೆಡಿಕಲ್ ಅಂಗಡಿಯಲ್ಲಿ ಸಲೀಸಾಗಿ ಸಿಗುವ, ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟೀರಾಯ್ಡ್ ಸೇರಿದ ಟ್ಯೂಬಿನ ಬಗ್ಗೆ ಒತ್ತಿ ಹೇಳಲೇಬೇಕು. ಮೊದಲ ವಾರಗಳಲ್ಲಿ ಬಣ್ಣ ತಿಳಿಯಾದಂತೆ ಕಾಣುವುದರಿಂದ ಜನ ಅದನ್ನು ಬಿಡುವುದೇ ಇಲ್ಲ, ಅಕ್ಕಪಕ್ಕದವರಿಗೂ ಹೇಳುತ್ತಾರೆ. ರೆಪ್ಪೆಯ ಮೇಲೆ ದೀರ್ಘಕಾಲ ಹಚ್ಚಿದ ಸ್ಟೀರಾಯ್ಡ್ ಚರ್ಮವನ್ನು ಇನ್ನೂ ತೆಳುವಾಗಿಸುತ್ತದೆ, ನಾಳಗಳನ್ನು ಹಿಗ್ಗಿಸುತ್ತದೆ, ಕಣ್ಣಿನೊಳಗಿನ ಒತ್ತಡ ಏರಿಸಿ ಗ್ಲಾಕೋಮಾಗೂ ಕಣ್ಣಿನ ಪೊರೆಗೂ ದಾರಿಮಾಡಬಹುದು. ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಎಚ್ ಪಟ್ಟಿಗೆ ಸೇರಿಸಿದ್ದು ಇಂಥ ದುರ್ಬಳಕೆಯ ಕಾರಣಕ್ಕೇ. ನಿಂಬೆರಸವನ್ನೂ ಹಚ್ಚಬೇಡಿ ಎಂದು ಬಾಯಿಬಿಟ್ಟೇ ಹೇಳಬೇಕು. ಕಾಡಿಗೆ ಹಚ್ಚುವುದನ್ನು ಶಸ್ತ್ರಚಿಕಿತ್ಸಕರು ಒಪ್ಪುವವರೆಗೆ ತಡೆದಿರಬೇಕು.

ಬಿಸಿಲು

ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ನಮ್ಮ ಬಯಲಿನಲ್ಲಿ, ಟೊಮೆಟೊ ತೋಟದಲ್ಲೋ ಹಿಪ್ಪುನೇರಳೆ ಹೊಲದಲ್ಲೋ ದಿನವಿಡೀ ದುಡಿಯುವವರಿಗೆ ಇದು ಔಷಧಿಗಿಂತ ಮುಖ್ಯ. ಕಪ್ಪು ಚರ್ಮದಲ್ಲಿ ಅತಿನೇರಳೆ ಕಿರಣಗಳಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಪ್ಪನ್ನು ಹೆಚ್ಚಿಸುತ್ತದೆ. ಸಾಮಾನ್ಯ ಪಾರದರ್ಶಕ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಜಿಂಕ್ ಆಕ್ಸೈಡಿನ ಜೊತೆ ಕಬ್ಬಿಣದ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ಬರೆಯಬೇಕು, ಬಿಸಿಲಲ್ಲಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಲು ಹೇಳಬೇಕು. ಕಡ್ಡಿಯ ರೂಪದ್ದಾದರೆ ಬೆವರಿನೊಂದಿಗೆ ಕಣ್ಣಿಗೆ ಇಳಿಯುವುದು ಕಡಿಮೆ. ಅದನ್ನು ಕೊಳ್ಳಲಾಗದವರಿಗೆ ಅಗಲ ಅಂಚಿನ ಟೋಪಿ ಮತ್ತು ಕಪ್ಪು ಕನ್ನಡಕ.

ಗೆರೆ ಉಬ್ಬಿದರೆ

ರೆಪ್ಪೆಯ ಹೊಲಿಗೆಯನ್ನು ಸಾಮಾನ್ಯವಾಗಿ 5ರಿಂದ 7 ದಿನದೊಳಗೆ ಬಿಚ್ಚುತ್ತಾರೆ. ತಡವಾದರೆ ಹೊಲಿಗೆಯ ರಂಧ್ರಗಳ ಒಳಗೆ ಚರ್ಮ ಬೆಳೆದು ಸಣ್ಣ ಬಿಳಿ ಕಾಳುಗಳಂಥ ಮಿಲಿಯಾ ಬರುತ್ತವೆ. ಸೂಜಿಯ ತುದಿಯಿಂದ ಬಿಡಿಸಿದರೆ ಮುಗಿಯಿತು. ಗೆರೆ ಮಾಗಲು ಒಂದು ವರ್ಷದವರೆಗೂ ಬೇಕಾಗುವುದರಿಂದ ಮೊದಲ ತಿಂಗಳುಗಳ ಗಡಸಿಗೆ ಮೃದುವಾದ ಮಸಾಜು, ಸಿಲಿಕೋನ್ ಜೆಲ್ ಮತ್ತು ತಾಳ್ಮೆ ಸಾಕಾಗುತ್ತವೆ. ಉಬ್ಬಿದ ಗೆರೆಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುವುದನ್ನು ಬೇರೆ ಜಾಗದಲ್ಲಿ ಮಾಡಿದಷ್ಟು ಹಗುರವಾಗಿ ಇಲ್ಲಿ ಮಾಡಬಾರದು: ಚರ್ಮ ಕುಗ್ಗಿ ಬಿಳಿ ಮಚ್ಚೆ ಬೀಳಬಹುದು, ಅಪರೂಪಕ್ಕೆ ಔಷಧಿಯ ಕಣಗಳು ರಕ್ತನಾಳದ ಮೂಲಕ ರೆಟಿನಾ ಸೇರಿ ದೃಷ್ಟಿಯೇ ಹೋದ ವರದಿಗಳಿವೆ. ಕೆಳರೆಪ್ಪೆ ಕೆಳಕ್ಕೆ ಎಳೆದುಕೊಂಡು ಕಣ್ಣು ಪೂರ್ತಿ ಮುಚ್ಚದಿದ್ದರೆ ಅದು ನಮ್ಮ ವಿಭಾಗದ ಕೆಲಸವಲ್ಲ, ಕಣ್ಣಿನ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸಕರದ್ದು.

ಲೇಸರ್ ಮತ್ತು ಮರು ಶಸ್ತ್ರಚಿಕಿತ್ಸೆ

ಬೆಳಕಿನ ತರಂಗಾಂತರ ಉದ್ದವಾದಷ್ಟೂ ಹೊರಚರ್ಮದ ಮೆಲನಿನ್ ಅದನ್ನು ಹೀರುವುದು ಕಡಿಮೆ. ಆದ್ದರಿಂದಲೇ ನಮ್ಮ ಚರ್ಮಕ್ಕೆ 532 ನ್ಯಾನೊಮೀಟರಿಗಿಂತ 1064 ನ್ಯಾನೊಮೀಟರಿನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ. 10,600 ನ್ಯಾನೊಮೀಟರಿನ ಕಾರ್ಬನ್ ಡೈಆಕ್ಸೈಡ್ ಲೇಸರ್ ಹೀರಲ್ಪಡುವುದು ನೀರಿನಿಂದ, ಮೆಲನಿನ್ನಿನಿಂದಲ್ಲ. ಆದರೂ ಅದು ಬಿಡುವ ಶಾಖವೇ ಕಪ್ಪು ತರಿಸಬಲ್ಲದು. ಯಾವ ಲೇಸರ್ ಆದರೂ ಮೊದಲು ಮರೆಯಾದ ಒಂದು ಚಿಕ್ಕ ಜಾಗದಲ್ಲಿ ಪರೀಕ್ಷಿಸಿ, ಕೆಲವು ವಾರ ಕಾದು, ಕಡಿಮೆ ಶಕ್ತಿಯಲ್ಲಿ ಮುಂದುವರಿಯಬೇಕು. ರೆಪ್ಪೆಯ ಮೇಲೆ ಲೇಸರ್ ಬಿಡುವಾಗ ರೆಪ್ಪೆಯ ಒಳಗೆ, ಕಣ್ಣುಗುಡ್ಡೆಯ ಮೇಲೆ, ಲೋಹದ ರಕ್ಷಾಕವಚ ಇಡಲೇಬೇಕು; ಹೊರಗಿನ ಕನ್ನಡಕ ಸಾಲದು. ಐಪಿಎಲ್ (ಲೇಸರ್ ಅಲ್ಲದ, ಮಿಡಿತಗಳಲ್ಲಿ ಬಿಡುವ ತೀವ್ರ ಬೆಳಕು) ರೆಪ್ಪೆಯ ಮೇಲೆ ಬೇಡ, ಕಣ್ಣಿನ ಪಾಪೆಯ ಸುತ್ತಲಿನ ಐರಿಸ್‌ನ ಬಣ್ಣ ಅದನ್ನು ಹೀರಿ ಹಾನಿಯಾದದ್ದಿದೆ.

ಗೆರೆಯನ್ನು ಮತ್ತೆ ಕೊಯ್ದು ಸರಿಪಡಿಸುವ ಮಾತನ್ನು ಆರು ತಿಂಗಳಿಂದ ಒಂದು ವರ್ಷ ಕಳೆಯುವವರೆಗೆ ಮುಂದೂಡಬೇಕು. ಅಷ್ಟರೊಳಗೆ ಪ್ರತಿ ಭೇಟಿಯಲ್ಲೂ ಅದೇ ಕಿಟಕಿ, ಅದೇ ದೂರ, ಕಣ್ಣು ತೆರೆದು ಒಂದು, ಮುಚ್ಚಿ ಒಂದು ಫೋಟೊ ತೆಗೆದಿಟ್ಟರೆ ಕಪ್ಪು ಇಳಿಯುತ್ತಿದೆಯೋ ಇಲ್ಲವೋ ಎಂದು ರೋಗಿಯೂ ನೋಡಿ ಹೇಳಬಲ್ಲರು. ಇಳಿಯುತ್ತಿದ್ದರೆ ಚಾಕು ಬೇಡ, ಏಕೆಂದರೆ ಹೊಸ ಕೊಯ್ತದೊಂದಿಗೆ ಉರಿಯೂತವೂ ಮೊದಲಿನಿಂದ ಶುರುವಾಗುತ್ತದೆ.