ಸಮಾಧಿಯಿಂದ ಅಗೆದ ಮೂಳೆ, ತರಗತಿಗೆ ಬಂದ ಮೇಷ್ಟ್ರು: ಆಸ್ಟ್ರೇಲಿಯಾದ ಮೂಲನಿವಾಸಿ ಆರೋಗ್ಯ ಶಿಕ್ಷಣದ ಹಿನ್ನೆಲೆ

ಮೆಲ್ಬರ್ನ್‌ನ ಕಿಂಗ್ಸ್ ಡೊಮೇನ್ ಉದ್ಯಾನದಲ್ಲಿ ಒಂದು ದೊಡ್ಡ ಗ್ರಾನೈಟ್ ಬಂಡೆ ಇದೆ. ಅದರಡಿ 1985ರ ನವೆಂಬರ್‌ನಲ್ಲಿ 38 ಮೂಲನಿವಾಸಿಗಳ ಅಸ್ಥಿಗಳನ್ನು ಮಣ್ಣು ಮಾಡಲಾಯಿತು, ವಿಕ್ಟೋರಿಯಾ ರಾಜ್ಯದ 38 ಸಮುದಾಯಗಳಿಗೆ ಒಬ್ಬೊಬ್ಬರಂತೆ. ಒಮ್ಮೆ ಮಣ್ಣಾಗಿದ್ದವರಿಗೆ ಎರಡನೇ ಸಲ ಮಣ್ಣು ಹಾಕಬೇಕಾಗಿ ಬಂದದ್ದು, ಅಧ್ಯಯನದ ಹೆಸರಿನಲ್ಲಿ ಸಮಾಧಿ ಅಗೆದವರಿಂದ. ಜಾರ್ಜ್ ಮರ್ರೆ ಬ್ಲ್ಯಾಕ್ ಎಂಬಾತ 1929ರಿಂದ ಸುಮಾರು ಎರಡು ದಶಕ ಮರ್ರೆ ನದಿಯ ದಂಡೆಯಲ್ಲಿ ಸಮಾಧಿಗಳನ್ನು ತೋಡಿ, ಸಿಕ್ಕ ಮೂಳೆಗಳನ್ನು ಕ್ಯಾನ್‌ಬೆರಾದ ಅಂಗರಚನಾ ಸಂಸ್ಥೆಗೂ ಮೆಲ್ಬರ್ನ್ ವಿಶ್ವವಿದ್ಯಾಲಯದ ಅಂಗರಚನಾ ವಿಭಾಗಕ್ಕೂ ಕಳಿಸಿದ. ವಿಶ್ವವಿದ್ಯಾಲಯ ತನ್ನ ಪಾಲನ್ನು ಬಿಟ್ಟುಕೊಟ್ಟದ್ದು 1984ರಲ್ಲಿ, ಗುಂಡಿಚ್‌ಮಾರಾ ಸಮುದಾಯದ ಜಿಮ್ ಬರ್ಗ್ ಕಾನೂನಿನ ಹೋರಾಟಕ್ಕೆ ಇಳಿದ ಮೇಲೆ. ಅಲ್ಲಿಗೂ ಮುಗಿಯಲಿಲ್ಲ. 2000ದ ದಶಕದ ಆರಂಭದಲ್ಲಿ ಅದೇ ವಿಭಾಗದ ಬೀಗ ಹಾಕಿದ ಕೋಣೆಯಲ್ಲಿ ಇನ್ನೊಂದು ಸಂಗ್ರಹ ಹೊರಬಿತ್ತು. ಅದು ಒಂದು ಕಾಲದ ಪ್ರೊಫೆಸರ್, ತಳಿಶುದ್ಧಿ ವಾದದ ಪ್ರಚಾರಕ ರಿಚರ್ಡ್ ಬೆರ್ರಿಯ ಹೆಸರಿನದು. ಕ್ಯಾಂಪಸ್ಸಿನ ಕಟ್ಟಡವೊಂದರ ಮೇಲಿದ್ದ ಆತನ ಹೆಸರನ್ನು ತೆಗೆದದ್ದು 2017ರಲ್ಲಿ.

ಇವತ್ತು ಆಸ್ಟ್ರೇಲಿಯಾದ ವೈದ್ಯಕೀಯ, ನರ್ಸಿಂಗ್ ಕೋರ್ಸುಗಳಲ್ಲಿ ಮೂಲನಿವಾಸಿ ಆರೋಗ್ಯ ಕಡ್ಡಾಯ ವಿಷಯ. ಅದರ ಪಠ್ಯವನ್ನು ಓದುವವರು ಈ ಮೂಳೆಗಳಿಂದಲೇ ಓದಲು ಶುರು ಮಾಡಬೇಕು. ವಿಶ್ವವಿದ್ಯಾಲಯದ ವೈದ್ಯಶಾಸ್ತ್ರಕ್ಕೆ ಅಬಾರಿಜಿನಲ್ ಎಂದು ಕರೆಯುವ ಮೂಲನಿವಾಸಿ ಜನ ಮೊದಲು ಪರಿಚಯವಾದದ್ದು ವಿದ್ಯಾರ್ಥಿಗಳಾಗಿ ಅಲ್ಲ, ಮಾದರಿ ವಸ್ತುಗಳಾಗಿ. ಆಸ್ಪತ್ರೆಯ ನೆನಪೂ ಅಷ್ಟೇ ಕಹಿ. 1908ರಿಂದ 1919ರವರೆಗೆ ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ ಗುಹ್ಯರೋಗದ ಶಂಕೆಯ ಮೇಲೆ ಜನರನ್ನು ಹಿಡಿದು ತಂದು ಬರ್ನಿಯರ್, ಡೋರ್ ದ್ವೀಪಗಳಲ್ಲಿ ಕೂಡಿಹಾಕಿತು. ಎಷ್ಟೋ ಮಂದಿ ಮರಳಿ ಊರು ಕಾಣಲಿಲ್ಲ. 1970ರ ಆಸುಪಾಸಿನವರೆಗೂ ಮಕ್ಕಳನ್ನು ಮನೆಯಿಂದ, ಕೆಲವೊಮ್ಮೆ ಹೆರಿಗೆ ವಾರ್ಡಿನಿಂದಲೇ ಕಿತ್ತುಕೊಂಡು ಹೋಗುವುದು ನಡೆದಿತ್ತು. ಎದೆನೋವು ಇಟ್ಟುಕೊಂಡ ಅಜ್ಜಿ ಚಿಕಿತ್ಸೆ ಮುಗಿಯುವ ಮೊದಲೇ ವಾರ್ಡ್ ಬಿಟ್ಟು ನಡೆದರೆ ಕೇಸ್ ಶೀಟಿನಲ್ಲಿ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಹೋದರು’ ಎಂದು ಬರೆಯುತ್ತಾರೆ. ಯಾಕೆ ಹೋದರು ಎಂಬುದು ಆ ಶೀಟಿನಲ್ಲಿ ಇರುವುದಿಲ್ಲ.

ಒಳಗೆ ಕಾಲಿಡುವುದೇ ಒಂದು ಹೋರಾಟವಾಗಿತ್ತು. ಲೊವಿಟ್ಜಾ ಒ’ಡೊನಹ್ಯು ಅವರಿಗೆ ಅಬಾರಿಜಿನಲ್ ಎಂಬ ಕಾರಣಕ್ಕೆ ನರ್ಸ್ ತರಬೇತಿಗೆ ಮೊದಲು ಸೀಟು ಕೊಡಲಿಲ್ಲ. ಹಟ ಹಿಡಿದು 1954ರಲ್ಲಿ ರಾಯಲ್ ಅಡಿಲೇಡ್ ಆಸ್ಪತ್ರೆಗೆ ಸೇರಿದರು, ಮುಂದೆ ಚಾರ್ಜ್ ಸಿಸ್ಟರ್ ಆದರು. ಆ ದೇಶದ ಪ್ರಮುಖ ಮೂಲನಿವಾಸಿ ಆರೋಗ್ಯ ಸಂಶೋಧನಾ ಸಂಸ್ಥೆಗೆ ಇಂದು ಅವರದೇ ಹೆಸರು. ವೈದ್ಯಕೀಯದಲ್ಲಿ ಕಾಯಬೇಕಾದದ್ದು ಇನ್ನೂ ಹೆಚ್ಚು. ದೇಶದ ಮೊದಲ ಮೆಡಿಕಲ್ ಕಾಲೇಜು ಮೆಲ್ಬರ್ನ್‌ನಲ್ಲಿ ತೆರೆದದ್ದು 1862ರಲ್ಲಿ. ಮೊದಲ ಅಬಾರಿಜಿನಲ್ ವೈದ್ಯೆ ಹೆಲೆನ್ ಮಿಲ್ರಾಯ್ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಿಂದ ಹೊರಬಂದದ್ದು 1983ರಲ್ಲಿ. ನಡುವೆ 121 ವರ್ಷ. ಪಕ್ಕದ ನ್ಯೂಜಿಲೆಂಡ್‌ನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಸಮುದಾಯದ ತೆ ರಂಗಿ ಹಿರೋವಾ 1904ರಲ್ಲೇ ಒಟಾಗೊ ವಿಶ್ವವಿದ್ಯಾಲಯದಲ್ಲಿ ವೈದ್ಯರಾಗಿದ್ದರು. ‘ಆ ಕಾಲವೇ ಹಾಗಿತ್ತು’ ಎಂಬ ಸಮಾಧಾನ ಈ ಹೋಲಿಕೆಯ ಮುಂದೆ ನಿಲ್ಲದು.

ಬದಲಾವಣೆಯ ಗಾಳಿ ಬೀಸಿದ್ದು ಕ್ಯಾಂಪಸ್ಸಿನ ಹೊರಗಿನಿಂದ. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಅಬಾರಿಜಿನಲ್ ಹೋರಾಟಗಾರರು, ಬಿಡುವಿನ ವೇಳೆಯಲ್ಲಿ ಬಂದು ದುಡಿಯುವ ವೈದ್ಯರು ಸೇರಿ ಒಂದು ಪುಟ್ಟ ಕ್ಲಿನಿಕ್ ತೆರೆದರು. ನಡೆಸುವವರು ಯಾರು, ಯಾವ ಸೇವೆ ಮೊದಲು ಎಂಬ ತೀರ್ಮಾನವೆಲ್ಲ ಸಮುದಾಯದ್ದು. ಇಂಥ ಸಮುದಾಯ ನಿಯಂತ್ರಿತ ಆರೋಗ್ಯ ಸೇವೆಗಳು ಈಗ ದೇಶದಾದ್ಯಂತ 140ಕ್ಕೂ ಹೆಚ್ಚಿವೆ. ಆಸ್ಪತ್ರೆಯಲ್ಲಿ ಬಾಯಿ ಬಿಡದ ರೋಗಿ ಇಲ್ಲಿ ಬಿಡುತ್ತಾನೆ ಎಂಬುದು ಎದ್ದು ಕಂಡಾಗ, ವೈದ್ಯರನ್ನು ತಯಾರಿಸುವವರು ತಮ್ಮ ಪಾಠವನ್ನು ಮತ್ತೆ ನೋಡಿಕೊಳ್ಳಲೇಬೇಕಾಯಿತು.

ವಿಶ್ವವಿದ್ಯಾಲಯಗಳ ಮುಂದೆ ಎರಡು ಕೆಲಸ ಇದ್ದವು. ಮೂಲನಿವಾಸಿ ವಿದ್ಯಾರ್ಥಿಗಳನ್ನು ಒಳಗೆ ತರುವುದು, ಬಂದವರನ್ನು ಉಳಿಸಿಕೊಳ್ಳುವುದು ಒಂದು. ಉಳಿದ ವಿದ್ಯಾರ್ಥಿಗಳೆಲ್ಲರಿಗೂ ಕಲಿಸುವುದು ಇನ್ನೊಂದು. ಮೊದಲನೆಯದಕ್ಕೆ ದಾರಿ ತೋರಿಸಿದ್ದು ನ್ಯೂಕ್ಯಾಸಲ್ ವಿಶ್ವವಿದ್ಯಾಲಯ. 1980ರ ದಶಕದ ನಡುವಿನಲ್ಲೇ ಅದು ವೈದ್ಯಕೀಯದಲ್ಲಿ ಮೂಲನಿವಾಸಿಗಳಿಗೆ ಪ್ರತ್ಯೇಕ ಪ್ರವೇಶ ದಾರಿ ತೆರೆಯಿತು. ಅರ್ಜಿದಾರರು ಮೂರು ವಿಷಯ ತೋರಿಸಬೇಕು: ವಂಶದ ಸಂಬಂಧ, ತಾನು ಅಬಾರಿಜಿನಲ್ ಅಥವಾ (ದೇಶದ ಉತ್ತರ ತುದಿಯಾಚೆಯ) ಟೊರೆಸ್ ಜಲಸಂಧಿ ದ್ವೀಪದವರೆಂಬ ಗುರುತು, ಸಮುದಾಯದ ಒಪ್ಪಿಗೆ. ಆಮೇಲೆ ‘ಮಿರೋಮಾ ಬನ್‌ಬಿಲ್ಲಾ’ ಎಂಬ ಪೂರ್ವಪ್ರವೇಶ ಶಿಬಿರ. ಕೆಲವು ದಿನ ನಿಜವಾದ ವೈದ್ಯಕೀಯ ತರಗತಿಗಳಂಥದ್ದರಲ್ಲೇ ಕೂರಿಸಿ, ಗುಂಪಿನಲ್ಲಿ ಹೇಗೆ ಕೆಲಸ ಮಾಡುತ್ತಾರೆ, ಹೊಸದನ್ನು ಹೇಗೆ ಹಿಡಿಯುತ್ತಾರೆ ಎಂದು ನೋಡುತ್ತಾರೆ. ಪಿಯುಸಿ ಮಟ್ಟದ ಅಂಕಪಟ್ಟಿ ಹೇಳದ್ದನ್ನು ಇದು ಹೇಳುತ್ತದೆ. ‘ಮಟ್ಟ ಇಳಿಸಿದರು’ ಎಂಬ ಮಾತು ಅಲ್ಲಿಯೂ ಕೇಳಿಬಂತು, ನಮ್ಮಲ್ಲಿ ಮೀಸಲಾತಿಯ ಸುದ್ದಿ ಬಂದಾಗ ಕೇಳಿಬರುವಂತೆ. ಆದರೆ ಒಳಬರುವ ಬಾಗಿಲಷ್ಟೇ ಬೇರೆ, ಪಾಸಾಗುವ ಪರೀಕ್ಷೆ ಎಲ್ಲರಿಗೂ ಒಂದೇ. ನ್ಯೂಕ್ಯಾಸಲ್‌ನಲ್ಲಿ ಓದಿದ ಸಾಂಡ್ರಾ ಈಡ್ಸ್ ಮುಂದೆ ಪಿಎಚ್‌ಡಿ ಪಡೆದ ಮೊದಲ ಅಬಾರಿಜಿನಲ್ ವೈದ್ಯೆಯಾದರು, 2020ರಲ್ಲಿ ಕರ್ಟಿನ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿಗೆ ಡೀನ್ ಆದರು.

1997 ನೆನಪಿಡಬೇಕಾದ ವರ್ಷ. ಮೂಲನಿವಾಸಿ ವೈದ್ಯರ ಸಂಘ, ನರ್ಸುಗಳ ಸಂಘ ಎರಡೂ ಹುಟ್ಟಿದ್ದು ಆಗಲೇ. ಇಡೀ ಬ್ಯಾಚಿನಲ್ಲಿ ಒಬ್ಬರೇ ಒಬ್ಬರಾಗಿ ಕೂತ ವಿದ್ಯಾರ್ಥಿಗೆ ತನ್ನಂತೆ ದಾಟಿ ಹೋದ ಹಿರಿಯರ ಫೋನ್ ನಂಬರ್ ಸಿಕ್ಕಿತು. ಇದು ಸಣ್ಣ ಸಂಗತಿಯಲ್ಲ. ಓದು ಅರ್ಧಕ್ಕೆ ಬಿಡುವವರನ್ನು ತಡೆಯುವುದು ಕೇವಲ ಟ್ಯೂಷನ್ ಅಲ್ಲ. ದೂರದ ಊರಿನಲ್ಲಿ ಸಾವಾದರೆ ‘ಸಾರಿ ಬಿಸಿನೆಸ್’ ಎಂದು ಕರೆಯುವ ಶೋಕಾಚರಣೆಗೆ ಹೋಗಲೇಬೇಕು, ಅದು ಒಂದೆರಡು ದಿನದಲ್ಲಿ ಮುಗಿಯದು. ಹಾಜರಾತಿಯ ನಿಯಮ ಇದನ್ನು ಅರಿಯದಿದ್ದರೆ ಬುದ್ಧಿವಂತ ವಿದ್ಯಾರ್ಥಿಯೂ ಫೇಲಾಗುತ್ತಾರೆ. ಮತ್ತೊಂದು ಅಡ್ಡಿ ಹಣದ್ದು. ನರ್ಸಿಂಗ್ ತರಬೇತಿ ಆಸ್ಪತ್ರೆಯಲ್ಲಿ ನಡೆಯುತ್ತಿದ್ದಾಗ ಕಲಿಯುವವರಿಗೆ ಸಂಬಳ, ವಸತಿ ಇತ್ತು. 1984ರಲ್ಲಿ ಅದನ್ನು ಉನ್ನತ ಶಿಕ್ಷಣಕ್ಕೆ ವರ್ಗಾಯಿಸುವ ತೀರ್ಮಾನವಾದ ಮೇಲೆ ಪದವಿಯ ಗೌರವ ಬಂತು, ಸಂಬಳ ಹೋಯಿತು, ಪ್ರಾಯೋಗಿಕ ತರಬೇತಿ ಬಿಟ್ಟಿ ದುಡಿಮೆಯಾಯಿತು. ಮನೆ ಬಾಡಿಗೆ ಕಟ್ಟುತ್ತ ವಾರಗಟ್ಟಲೆ ಸಂಬಳವಿಲ್ಲದೆ ದುಡಿಯಲು ಎಷ್ಟು ಜನರಿಗೆ ಆದೀತು? ನರ್ಸಿಂಗ್, ಸೂಲಗಿತ್ತಿ, ಸಮಾಜಕಾರ್ಯ, ಶಿಕ್ಷಕ ತರಬೇತಿಯವರಿಗೆ ಸರ್ಕಾರ ವಾರದ ಭತ್ಯೆ ಶುರು ಮಾಡಿದ್ದು 2025ರ ಜುಲೈಯಲ್ಲಿ. ವೈದ್ಯಕೀಯ ವಿದ್ಯಾರ್ಥಿಗಳನ್ನು ಆ ಪಟ್ಟಿಯಿಂದ ಹೊರಗಿಟ್ಟದ್ದು ತಪ್ಪು ಎಂದೇ ಹೇಳಬೇಕು.

ಎರಡನೇ ಕೆಲಸ ಇನ್ನೂ ಕಷ್ಟದ್ದು. ಮೊದಮೊದಲು ಮೂಲನಿವಾಸಿ ಆರೋಗ್ಯ ಎಂದರೆ ಒಂದು ಗಂಟೆಯ ಉಪನ್ಯಾಸ: ಶಿಶುಮರಣ ಇಷ್ಟು, ಸಕ್ಕರೆ ಕಾಯಿಲೆ ಇಷ್ಟು, ಆಯುಷ್ಯ ಇಷ್ಟು ಕಡಿಮೆ. ಅಂಕಿಗಳು ಸುಳ್ಳಲ್ಲ. 2020–22ರಲ್ಲಿ ಹುಟ್ಟಿದವರ ನಿರೀಕ್ಷಿತ ಆಯುಷ್ಯ ಮೂಲನಿವಾಸಿ ಗಂಡಸರಲ್ಲಿ 71.9, ಹೆಂಗಸರಲ್ಲಿ 75.6 ವರ್ಷ, ಉಳಿದವರಿಗೆ ಹೋಲಿಸಿದರೆ 8 ವರ್ಷಕ್ಕೂ ಮೀರಿದ ಕೊರತೆ. ಆದರೆ ಅಂಕಿಯನ್ನಷ್ಟೇ ಕೇಳಿ ಎದ್ದು ಹೋದವರ ತಲೆಯಲ್ಲಿ ಉಳಿಯುವುದು ‘ಇವರು ಹೀಗೇ’ ಎಂಬ ಒಂದೇ ಮಾತು. ಅಂಥ ಪಾಠಕ್ಕಿಂತ ಪಾಠವಿಲ್ಲದಿರುವುದೇ ವಾಸಿ.

ಸಂಧಿವಾತ ಜ್ವರದ ಹೃದ್ರೋಗವನ್ನೇ ತೆಗೆದುಕೊಳ್ಳಿ. ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಶುರುವಾಗಿ ಹೃದಯದ ಕವಾಟ ಕೆಡಿಸುವ ಈ ಕಾಯಿಲೆ ಆಸ್ಟ್ರೇಲಿಯಾದ ನಗರಗಳಲ್ಲಿ ಹೆಚ್ಚುಕಡಿಮೆ ಮರೆತುಹೋಗಿದೆ, ಉತ್ತರದ ಮೂಲನಿವಾಸಿ ಊರುಗಳಲ್ಲಿ ಮಕ್ಕಳನ್ನು ಇನ್ನೂ ಹಿಡಿಯುತ್ತಿದೆ. ತಡೆಯುವ ಮದ್ದು ಬೆಂಜಥೀನ್ ಪೆನಿಸಿಲಿನ್: 20 ಕೆ.ಜಿ. ಮತ್ತು ಮೇಲ್ಪಟ್ಟವರಿಗೆ 12 ಲಕ್ಷ ಯೂನಿಟ್, ಅದಕ್ಕಿಂತ ಕಡಿಮೆ ತೂಕದವರಿಗೆ 6 ಲಕ್ಷ, 28 ದಿನಕ್ಕೊಮ್ಮೆ, ವರ್ಷಗಟ್ಟಲೆ. ಮದ್ದು ಮಂದ, ಫ್ರಿಜ್ಜಿನಿಂದ ತೆಗೆದ ಕೂಡಲೇ ಚುಚ್ಚಿದರೆ ವಿಪರೀತ ನೋವು. ಕೋಣೆಯ ಬಿಸಿಗೆ ಬರಲು ಬಿಟ್ಟು, ಚುಚ್ಚುವ ಜಾಗವನ್ನು ಮೊದಲು ಒತ್ತಿ ಹಿಡಿದು, ಎರಡು ಮೂರು ನಿಮಿಷ ತೆಗೆದುಕೊಂಡು ನಿಧಾನವಾಗಿ ಕೊಡಬೇಕು. ಅವಸರದಲ್ಲಿ ಚುಚ್ಚಿದ ನರ್ಸನ್ನು ಕಂಡು ಓಡಿಹೋದ ಮಗು 28ನೇ ದಿನ ಬರುವುದಿಲ್ಲ. ಫೈಲಿನಲ್ಲಿ ಮಾತ್ರ ‘ಕುಟುಂಬ ಸಹಕರಿಸುತ್ತಿಲ್ಲ’ ಎಂದು ಬೀಳುತ್ತದೆ.

ಸೂಜಿಗಿಂತ ಹಿಂದಕ್ಕೆ ಹೋದರೆ ನಲ್ಲಿ ಸಿಗುತ್ತದೆ. 1987ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿ ಪ್ರದೇಶದಲ್ಲಿ ಸಮುದಾಯದ್ದೇ ಆದ ನಂಗನಂಪಾ ಆರೋಗ್ಯ ಮಂಡಳಿ ಆರೋಗ್ಯಕರ ಬದುಕಿಗೆ ಬೇಕಾದ ಒಂಬತ್ತು ಸಂಗತಿಗಳನ್ನು ಆದ್ಯತೆಯ ಕ್ರಮದಲ್ಲಿ ಜೋಡಿಸಿತು. ಮೊದಲನೆಯದು ಮೈ ತೊಳೆಯುವುದು, ಅದರಲ್ಲೂ ಚಿಕ್ಕ ಮಕ್ಕಳದು. ಎರಡನೆಯದು ಬಟ್ಟೆ, ಹಾಸಿಗೆ ಒಗೆಯುವುದು. ಆಮೇಲೆ ಮನೆ ಮನೆ ಹೊಕ್ಕು ಷವರ್ ಓಡುತ್ತದೆಯೇ, ಬಿಸಿನೀರು ಬರುತ್ತದೆಯೇ, ಮೋರಿ ಕಟ್ಟಿದೆಯೇ ಎಂದು ಪರೀಕ್ಷಿಸಿ ಅಲ್ಲಲ್ಲೇ ರಿಪೇರಿ ಮಾಡುವ ಕಾರ್ಯಕ್ರಮ ಬೆಳೆಯಿತು. ಕೆಟ್ಟುಹೋದದ್ದಕ್ಕೆ ಕಾರಣ ಹುಡುಕಿದಾಗ ಬಹುಪಾಲು ವಾಡಿಕೆಯ ದುರಸ್ತಿಯ ಕೊರತೆ, ಉಳಿದದ್ದರಲ್ಲಿ ಹೆಚ್ಚಿನದು ಕಳಪೆ ಕಾಮಗಾರಿ. ಮನೆಯವರು ಹಾಳು ಮಾಡಿದ್ದು ಶೇ 10ಕ್ಕಿಂತ ಕಡಿಮೆ. ವಿದ್ಯಾರ್ಥಿಗೆ ಕಲಿಸಬೇಕಾದದ್ದು ಈ ಸರಪಳಿ: ಕವಾಟ, ಗಂಟಲು ಮತ್ತು ಚರ್ಮದ ಹುಣ್ಣು, ಕಿಕ್ಕಿರಿದ ಮನೆ, ನೀರು ಬಾರದ ಷವರ್, ರಿಪೇರಿಗೆ ಬಾರದ ಪ್ಲಂಬರ್.

ಮಾತಿನ ಪಾಠವೂ ಇಷ್ಟೇ ಮುಖ್ಯ. 2002ರಲ್ಲಿ ಆ್ಯಲನ್ ಕ್ಯಾಸ್ ಮತ್ತು ಸಂಗಡಿಗರು ಡಾರ್ವಿನ್‌ನಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ, ಉತ್ತರದ ಯೋಲ್ಂಗು ಎಂಬ ಅಬಾರಿಜಿನಲ್ ಸಮುದಾಯದ ರೋಗಿಗಳ, ಸಿಬ್ಬಂದಿಯ ಮಾತುಕತೆಯನ್ನು ಅಧ್ಯಯನ ಮಾಡಿದರು. ಇಬ್ಬರಿಗೂ ಅರ್ಥವಾಯಿತು ಎಂದುಕೊಂಡ ಎಷ್ಟೋ ಕಡೆ ಅರ್ಥವೇ ಆಗಿರಲಿಲ್ಲ. ತರಬೇತಾದ ದುಭಾಷಿಯನ್ನು ಕರೆಸುವುದು ಅಪರೂಪವಾಗಿತ್ತು. ಇದರ ಬೇರು ನಮಗೆ ಹೊಸದಲ್ಲ. ಕನ್ನಡದಲ್ಲಿ ಅದಕ್ಕೆ ‘ಹೂಂಗುಟ್ಟುವುದು’ ಎನ್ನುತ್ತೇವೆ. ಎದುರಿಗಿರುವವರು ದೊಡ್ಡವರು, ಪ್ರಶ್ನೆ ಗಡಿಬಿಡಿಯದು, ಹೂಂ ಎಂದರೆ ಬೇಗ ಬಿಡುಗಡೆ. ‘ಮಾತ್ರೆ ತಗೊಳ್ತಿದ್ದೀರಲ್ಲ?’ ಎಂದರೆ ಉತ್ತರ ಹೂಂ. ‘ನಿನ್ನೆ ಬೆಳಿಗ್ಗೆಯಿಂದ ಹೇಗೆ ಹೋಯಿತು ಹೇಳಿ’ ಎಂದರೆ ಬೇರೆಯದೇ ಉತ್ತರ.

ಇದನ್ನೆಲ್ಲ ವ್ಯವಸ್ಥಿತವಾಗಿ ಕಲಿಸುವ ಮೊದಲ ರಾಷ್ಟ್ರೀಯ ಚೌಕಟ್ಟನ್ನು ವೈದ್ಯಕೀಯ ಡೀನ್‌ಗಳ ಸಮಿತಿ 2004ರಲ್ಲಿ ಹೊರತಂದಿತು. 2006ರಲ್ಲಿ ಆಸ್ಟ್ರೇಲಿಯನ್ ಮೆಡಿಕಲ್ ಕೌನ್ಸಿಲ್ ಅದನ್ನು ಕಾಲೇಜುಗಳ ಮಾನ್ಯತೆಯ ಮಾನದಂಡಕ್ಕೆ ಸೇರಿಸಿತು. ಹಲ್ಲು ಬಂದದ್ದು ಆಗಲೇ: ಮಾನ್ಯತೆ ಹೋಗುವ ಭಯ ಒಳ್ಳೆಯ ಮನಸ್ಸಿಗಿಂತ ಬೇಗ ವೇಳಾಪಟ್ಟಿಯಲ್ಲಿ ಜಾಗ ಮಾಡುತ್ತದೆ. 2014ರ ಚೌಕಟ್ಟು ಎಲ್ಲ ಆರೋಗ್ಯ ವೃತ್ತಿಗಳಿಗೂ ಅನ್ವಯಿಸುವಂಥದ್ದು. ಗೌರವ, ಸಂವಹನ, ಸುರಕ್ಷತೆ ಮತ್ತು ಗುಣಮಟ್ಟ, ಆತ್ಮಾವಲೋಕನ, ಪರವಾಗಿ ದನಿಯೆತ್ತುವುದು ಎಂಬ ಐದು ಸಾಮರ್ಥ್ಯಗಳನ್ನು ಅದು ಹೆಸರಿಸಿತು. ಅಡಿಪಾಯದ ಕಲ್ಪನೆ ಬಂದದ್ದು ನ್ಯೂಜಿಲೆಂಡ್‌ನ ಮಾವೊರಿ ನರ್ಸ್ ಇರಿಹಾಪೆಟಿ ರಾಮ್ಸ್‌ಡೆನ್ ಅವರಿಂದ, ‘ಸಾಂಸ್ಕೃತಿಕ ಸುರಕ್ಷತೆ’ ಎಂಬ ಹೆಸರಿನಲ್ಲಿ. ಅದರ ತಿರುಳು ಬೇರೆಯವರ ಪದ್ಧತಿಗಳನ್ನು ಬಾಯಿಪಾಠ ಮಾಡುವುದಲ್ಲ. ಚಿಕಿತ್ಸೆ ಕೊಡುವವರು ತಮ್ಮ ಪೂರ್ವಗ್ರಹ, ತಮ್ಮ ಕೈಯಲ್ಲಿರುವ ಅಧಿಕಾರ ನೋಡಿಕೊಳ್ಳಬೇಕು. ಸುರಕ್ಷಿತವಾಗಿತ್ತೇ ಎಂದು ತೀರ್ಪು ಕೊಡುವವರು ರೋಗಿ, ಕುಟುಂಬ, ಸಮುದಾಯ. 2022ರಲ್ಲಿ ಆರೋಗ್ಯ ವೃತ್ತಿಗಳ ನೋಂದಣಿ ಕಾನೂನಿನ ಉದ್ದೇಶಗಳಿಗೇ ಇದು ಸೇರಿತು.

ಹಾಗಾದರೆ ಎಲ್ಲಿ ಎಡವುತ್ತಿದೆ? ಮೊದಲನೆಯದಾಗಿ, ಪಾಠವನ್ನು ಇತರ ವಿಷಯಗಳಲ್ಲಿ ‘ಬೆರೆಸುತ್ತೇವೆ’ ಎನ್ನುವುದು. ಬೆರೆಸಿದ್ದು ಕರಗಿ ಕಾಣದಾಗುತ್ತದೆ. ಪ್ರತ್ಯೇಕ ಗಂಟೆಗಳೂ ಬೇಕು, ಉಳಿದ ವಿಷಯಗಳಲ್ಲಿ ಮುಂದುವರಿಕೆಯೂ ಬೇಕು. ಎರಡನೆಯದು ಪರೀಕ್ಷೆ. ಅಂಕವಿಲ್ಲದ ಪಾಠವನ್ನು ವಿದ್ಯಾರ್ಥಿ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಸಂದರ್ಶನ ಮಾದರಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಸಮುದಾಯದವರನ್ನೇ ಕೂರಿಸಿ ಅವರಿಂದಲೂ ಅಂಕ ಕೊಡಿಸಿದರೆ ತಯಾರಿಯೇ ಬದಲಾಗುತ್ತದೆ. ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ಇಡೀ ಹೊರೆ ಒಬ್ಬರ ಹೆಗಲಿಗೆ ಬೀಳುವುದು. ಪಾಠ, ಸ್ವಾಗತ ಕಾರ್ಯಕ್ರಮ, ಎಲ್ಲ ಸಮಿತಿಗಳ ಸದಸ್ಯತ್ವ, ವಿದ್ಯಾರ್ಥಿಗಳ ಕಣ್ಣೀರು, ತರಗತಿಯಲ್ಲಿ ಚುಚ್ಚುವ ಪ್ರಶ್ನೆ, ಎಲ್ಲವೂ ಅದೇ ಒಬ್ಬ ಅಬಾರಿಜಿನಲ್ ಅಧ್ಯಾಪಕರಿಗೆ. ಅವರು ಕೆಲಸ ಬಿಟ್ಟ ದಿನ ಕೋರ್ಸೂ ಕುಸಿಯುತ್ತದೆ. ದೇಶದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ಶೇ 3.8, ವೈದ್ಯರಲ್ಲಿ ಶೇ 1ನ್ನೂ ಮುಟ್ಟಿಲ್ಲ. ಇರುವ ಅಷ್ಟು ಜನ ಕಲಿಸಲೂ ಬೇಕು, ಚಿಕಿತ್ಸೆಯನ್ನೂ ಕೊಡಬೇಕು.

ಆಸ್ಟ್ರೇಲಿಯಾಕ್ಕೆ ಹೋಗುವ ಕನ್ನಡಿಗ ವೈದ್ಯರಿಗೆ ಇದು ಪರರ ಕಥೆಯಲ್ಲ. ಹೊರದೇಶದಲ್ಲಿ ಓದಿದವರು ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಪ್ರೊವೈಡರ್ ನಂಬರ್ ಬಳಸಿ ಸಾಮಾನ್ಯವಾಗಿ ಮೊದಲ ಹತ್ತು ವರ್ಷ ವೈದ್ಯರ ಕೊರತೆಯಿರುವ ಪ್ರದೇಶಗಳಲ್ಲೇ ಕೆಲಸ ಮಾಡಬೇಕು. ಅವುಗಳಲ್ಲಿ ಎಷ್ಟೋ ಊರುಗಳು ಮೂಲನಿವಾಸಿಗಳು ಹೆಚ್ಚಿರುವಂಥವು. ಅಲ್ಲಿ ಕಲಿಸುವ ‘ಕ್ಲಿನಿಕಲ್ ಯಾರ್ನಿಂಗ್’ ಎಂಬ, ಹರಟೆಯ ಧಾಟಿಯಲ್ಲಿ ರೋಗಿಯೊಂದಿಗೆ ಮಾತಾಡುವ ಪದ್ಧತಿಗೆ ಮೂರು ಹಂತ. ಮೊದಲು ಲೋಕಾಭಿರಾಮ: ನೀವು ಎಲ್ಲಿಯವರು, ಯಾರ ಕಡೆಯವರು, ನಾನು ಎಲ್ಲಿಂದ ಬಂದೆ. ಆಮೇಲೆ ಕಾಯಿಲೆಯ ಮಾತು, ರೋಗಿ ತನ್ನ ಧಾಟಿಯಲ್ಲಿ ಹೇಳಲು ಬಿಟ್ಟು. ಕೊನೆಗೆ ಚಿಕಿತ್ಸೆಯ ಮಾತು, ಚಿತ್ರ, ಹೋಲಿಕೆ, ಕಥೆಗಳ ಮೂಲಕ. ‘ಯಾವೂರಾಯ್ತು ತಮ್ಮದು?’ ಎಂದು ಮಾತು ಎತ್ತುವ ಕಡೆಯಿಂದ ಹೋದವರಿಗೆ ಮೊದಲ ಹಂತ ಬಾಯಿಗೆ ಬರುವಂಥದ್ದೇ. ಎದುರಿಗಿರುವವರು ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ಅದು ಗೌರವವೂ ಇರಬಹುದು. ಉತ್ತರಕ್ಕೆ ಮುಂಚಿನ ಮೌನವನ್ನು ತುಂಬಲು ಹೋಗಬಾರದು. ತೀರಿಹೋದವರ ಹೆಸರನ್ನು ಕೇಳದೆ ಎತ್ತಬಾರದು. ಹೆಂಗಸರ ಕಾಯಿಲೆಯನ್ನು ಗಂಡಸು ವೈದ್ಯರು ಕೇಳಬಹುದೇ ಎಂಬುದನ್ನು ಕ್ಲಿನಿಕ್ಕಿನ ಅಬಾರಿಜಿನಲ್ ಆರೋಗ್ಯ ಕಾರ್ಯಕರ್ತೆಯ ಹತ್ತಿರ ಮೊದಲೇ ವಿಚಾರಿಸಬೇಕು. ಹೊಸ ಊರಿನಲ್ಲಿ ಕೆಲಸಕ್ಕೆ ಸೇರಿದ ದಿನ ಸ್ಟೆತಸ್ಕೋಪ್ ತೆಗೆಯುವ ಮುಂಚೆ ಕುರ್ಚಿ ಎಳೆದುಕೊಂಡು ಕೂತು ಮಾತಾಡಬೇಕಾದದ್ದು ಅವರ ಜೊತೆ.