ಜಿಸಾನ್ ಟಿಪ್ಪಣಿ: ಬರೆಯುವುದು ಸುಲಭ, ವಾಪಸ್ ಓದುವಾಗಲೇ ಪೇಚಾಟ

ಪ್ರೋಗ್ರಾಮ್ ನಿಂತರೆ ಮೆಮೊರಿಯಲ್ಲಿದ್ದ ಆಬ್ಜೆಕ್ಟ್ (ಮಾಹಿತಿಯ ಒಂದು ಗಂಟು) ಕೂಡ ಹೋಯಿತು. ಅದನ್ನು ಫೈಲಿನಲ್ಲಿ ಉಳಿಸಬೇಕು, ಇಲ್ಲವೇ ಇನ್ನೊಂದು ಕಂಪ್ಯೂಟರಿಗೆ ಕಳಿಸಬೇಕು ಅಂದರೆ ಮೊದಲು ಅಕ್ಷರಗಳ ಸಾಲನ್ನೋ ಬೈಟುಗಳ ಸಾಲನ್ನೋ ಮಾಡಿಕೊಳ್ಳಬೇಕು. ಇದು ಸೀರಿಯಲೈಸೇಶನ್. ಆ ಸಾಲಿನಿಂದ ಮತ್ತೆ ಆಬ್ಜೆಕ್ಟ್ ಕಟ್ಟುವುದು ಡಿಸೀರಿಯಲೈಸೇಶನ್.

ಜಾವಾ ಪ್ರೋಗ್ರಾಮಿಂಗ್ ಭಾಷೆಯ ಒಳಗೇ ಇದಕ್ಕೊಂದು ವ್ಯವಸ್ಥೆ 1.1ನೇ ಆವೃತ್ತಿಯಿಂದಲೂ ಇದೆ. ಆದರೆ ಅದು ಬರೆಯುವ ಬೈಟುಗಳನ್ನು ಕಣ್ಣಲ್ಲಿ ಓದಲು ಆಗುವುದಿಲ್ಲ, ಬೇರೆ ಭಾಷೆಯ ಪ್ರೋಗ್ರಾಮುಗಳಿಗೂ ಅದು ಕಷ್ಟ. ಗೊತ್ತಿಲ್ಲದ ಕಡೆಯಿಂದ ಬಂದ ಬೈಟುಗಳನ್ನು ಅದಕ್ಕೆ ಕೊಟ್ಟರೆ ದಾಳಿಕೋರರಿಗೆ ಬಾಗಿಲು ತೆರೆದ ಹಾಗೆ. ಅದಕ್ಕೇ ಇಲ್ಲಿ ಜಿಸಾನ್ ತೆಗೆದುಕೊಂಡಿದ್ದೇನೆ. ಗೂಗಲ್ 2008ರಲ್ಲಿ ಹೊರಬಿಟ್ಟ ಓಪನ್ ಸೋರ್ಸ್ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಇದು, ಅಪಾಚೆ 2.0 ಲೈಸೆನ್ಸಿನಲ್ಲಿ ಸಿಗುತ್ತದೆ. ಹೆಸರು ಒಂದೇ ಥರ ಕೇಳುತ್ತದೆ, ಗೊಂದಲ ಬೇಡ: ಜೇಸನ್ ಅಂದರೆ ಬರಹದ ರೂಪ, ಜಿಸಾನ್ ಅಂದರೆ ಆ ರೂಪದಲ್ಲಿ ಬರೆದು ಓದುವ ಲೈಬ್ರರಿ.

ಒಂದು ಕ್ಲಾಸ್ (ಆಬ್ಜೆಕ್ಟಿನ ಅಚ್ಚು) ನೋಡೋಣ. ಹೆಸರು 'ಪುಸ್ತಕ'. ಒಳಗೆ ಮೂರು ಫೀಲ್ಡ್ (ಮಾಹಿತಿ ಇಡುವ ಜಾಗ): 'ಹೆಸರು' ಸ್ಟ್ರಿಂಗ್ (ಅಕ್ಷರಗಳ ಸಾಲು), 'ಪುಟ' ಇಂಟ್ (ಪೂರ್ಣಾಂಕ), 'ಟ್ಯಾಗ್' ಸ್ಟ್ರಿಂಗುಗಳ ಲಿಸ್ಟ್. (ಜಾವಾದಲ್ಲಿ ಫೀಲ್ಡಿಗೆ ಕನ್ನಡದ ಹೆಸರಿಟ್ಟರೂ ಕಂಪೈಲ್ ಆಗುತ್ತದೆ, ಸುಮ್ನೆ ಮಾಡಿ ನೋಡಿ!) ಜಿಸಾನಿನ 'ಟುಜೇಸನ್' ಮೆಥಡಿಗೆ ಈ ಆಬ್ಜೆಕ್ಟ್ ಕೊಟ್ಟರೆ ಹೀಗೆ ಬರುತ್ತದೆ:

{"ಹೆಸರು":"ಬೀಜಗಣಿತ","ಪುಟ":240,"ಟ್ಯಾಗ್":["ಗಣಿತ"]}

ಗೆಟರ್, ಸೆಟರ್ (ಫೀಲ್ಡ್ ಓದುವ, ಬದಲಿಸುವ ಮೆಥಡುಗಳು) ಯಾವುದೂ ಬೇಕಾಗಲಿಲ್ಲ. ಜಿಸಾನ್ ರಿಫ್ಲೆಕ್ಷನ್ (ಓಡುವಾಗಲೇ ಕ್ಲಾಸಿನ ಒಳಗನ್ನು ನೋಡುವ ಸೌಲಭ್ಯ) ಬಳಸಿ ನೇರವಾಗಿ ಫೀಲ್ಡುಗಳನ್ನೇ ನೋಡುತ್ತದೆ, ಪ್ರೈವೇಟ್ ಆದರೂ ಸರಿ. ಸ್ಟ್ಯಾಟಿಕ್ (ಇಡೀ ಕ್ಲಾಸಿಗೆ ಸೇರಿದ) ಮತ್ತು ಟ್ರಾನ್ಸಿಯೆಂಟ್ (ಉಳಿಸಬೇಡ ಅಂತ ಗುರುತು ಹಾಕಿದ) ಫೀಲ್ಡುಗಳನ್ನು ಬಿಟ್ಟುಬಿಡುತ್ತದೆ. ನಲ್ (ಏನೂ ಇಲ್ಲ ಅನ್ನುವ ಬೆಲೆ) ಇದ್ದ ಫೀಲ್ಡೂ ಬರಹದಲ್ಲಿ ಬರುವುದಿಲ್ಲ. ಬೇಕೇ ಬೇಕು ಅಂದರೆ ಸೆಟ್ಟಿಂಗ್ ಮಾಡುವ ಜಿಸಾನ್‌ಬಿಲ್ಡರಿನಲ್ಲಿ 'ಸೀರಿಯಲೈಸ್‌ನಲ್ಸ್' ಹಾಕಬೇಕು. ಬರೆಯುವ ಕಡೆ ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಈಗ ಮೇಲಿನ ಸಾಲನ್ನು ಇನ್ನೊಮ್ಮೆ ನೋಡಿ. ಇದು 'ಪುಸ್ತಕ' ಅನ್ನುವ ಕ್ಲಾಸಿನದು ಅಂತ ಎಲ್ಲಾದರೂ ಬರೆದಿದೆಯಾ? ಇಲ್ಲ ಅಲ್ವಾ. ಬರಹಕ್ಕೆ ಹೋದದ್ದು ಬೆಲೆಗಳು ಮಾತ್ರ, ಟೈಪ್ (ಯಾವ ಬಗೆಯದು ಅನ್ನುವುದು) ಹೋಗಲಿಲ್ಲ. ಹಾಗಾಗಿ ಓದುವಾಗ ಟೈಪನ್ನು ನಾವೇ ಹೇಳಬೇಕು: 'ಫ್ರಮ್‌ಜೇಸನ್' ಮೆಥಡಿಗೆ ಬರಹದ ಜೊತೆ ಪುಸ್ತಕ ಕ್ಲಾಸನ್ನೂ ಕೊಡಬೇಕು. ಮುಂದೆ ಬರುವ ಪೇಚಾಟಗಳಲ್ಲಿ ಮೊದಲನೆಯದು ಇಲ್ಲಿಂದಲೇ ಶುರು.

ಒಂದಲ್ಲ, ಹಲವು ಪುಸ್ತಕಗಳ ಲಿಸ್ಟ್ ಇದೆ ಅಂದುಕೊಳ್ಳಿ. ಓದುವಾಗ ಬರೀ ಲಿಸ್ಟ್ ಕ್ಲಾಸ್ ಕೊಟ್ಟರೆ ಕಂಪೈಲರ್ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಓದುವ ಸಾಲೂ ತಕರಾರಿಲ್ಲದೆ ಓಡುತ್ತದೆ. ಆಮೇಲೆ ಎಲ್ಲೋ ದೂರದಲ್ಲಿ ಮೊದಲ ಪುಸ್ತಕ ತೆಗೆದಾಗ ಕ್ಲಾಸ್‌ಕಾಸ್ಟ್ ಎಕ್ಸೆಪ್ಶನ್ (ಟೈಪ್ ಹೊಂದಲಿಲ್ಲ ಅನ್ನುವ ಎರರ್)! ಒಳಗಿರುವುದು ಪುಸ್ತಕವಲ್ಲ, ಲಿಂಕ್ಡ್‌ಟ್ರೀಮ್ಯಾಪ್. ಯಾವ ಕ್ಲಾಸ್ ಅಂತ ಗೊತ್ತಾಗದೆ ಜಿಸಾನ್ ಮ್ಯಾಪ್ (ಹೆಸರು-ಬೆಲೆ ಜೋಡಿಗಳ ಗುಂಪು) ಮಾಡಿಟ್ಟಿದೆ. ಸಂಖ್ಯೆಗಳನ್ನೂ ಡಬಲ್ (ದಶಮಾಂಶ ಸಂಖ್ಯೆಯ ಟೈಪ್) ಮಾಡಿದೆ, 240 ಹೋಗಿ 240.0 ಆಗಿದೆ. ದೊಡ್ಡ ಐಡಿ ಸಂಖ್ಯೆಗಳಿಗೆ ಇದು ಇನ್ನೂ ಅಪಾಯ: 9007199254740993 ಅನ್ನುವುದು ಡಬಲ್‌ನಲ್ಲಿ ಕೂರುವುದಿಲ್ಲ, ಕೊನೆಯ 3 ಹೋಗಿ 2 ಆಗುತ್ತದೆ.

ಜಾವಾದಲ್ಲಿ ಪ್ರೋಗ್ರಾಮ್ ಓಡುವಾಗ ಲಿಸ್ಟಿಗೆ ತನ್ನೊಳಗೆ ಏನಿರಬೇಕು ಅನ್ನುವುದು ನೆನಪಿರುವುದಿಲ್ಲ. ಅದಕ್ಕೆ 'ಟೈಪ್‌ಟೋಕನ್' ಬೇಕು. ಅದನ್ನು ಬರೆಯುವಾಗ ಕೊನೆಯಲ್ಲಿ ಖಾಲಿ ಹೂಬ್ರಾಕೆಟ್ ಹಾಕುತ್ತೇವೆ. ಬಹಳ ದಿನ ನಾನು ಅದನ್ನು ಅರ್ಥವಾಗದೆ ಕಾಪಿ ಮಾಡುತ್ತಿದ್ದೆ. ಆ ಬ್ರಾಕೆಟ್ ಅಲ್ಲೇ ಹೆಸರಿಲ್ಲದ ಒಂದು ಮರಿ ಕ್ಲಾಸನ್ನು ಹುಟ್ಟಿಸುತ್ತದೆ. ಕ್ಲಾಸ್ ತನ್ನ ತಾಯಿ ಕ್ಲಾಸಿನ ಪೂರ್ತಿ ಟೈಪನ್ನು, ಅಂದರೆ 'ಪುಸ್ತಕಗಳ ಲಿಸ್ಟ್' ಅನ್ನುವುದನ್ನು, ನೆನಪಿಟ್ಟಿರುತ್ತದೆ. ಜಿಸಾನ್ ಅಲ್ಲಿಂದ ಓದಿಕೊಳ್ಳುತ್ತದೆ. ಇಷ್ಟೆಲ್ಲ ಬೇಡ ಅಂದರೆ ಲಿಸ್ಟಿನ ಬದಲು ಪುಸ್ತಕಗಳ ಅರೇ ಎಂದು ಹೇಳಿ ಓದಿ. ಅರೇಗೆ ತನ್ನ ಟೈಪ್ ಗೊತ್ತಿರುತ್ತದೆ.

ನನ್ನ ಅರ್ಧ ದಿನ ತಿಂದದ್ದು ಇನ್ನೊಂದು. 'ಟ್ಯಾಗ್' ಫೀಲ್ಡಿಗೆ ಕ್ಲಾಸಿನಲ್ಲೇ ಖಾಲಿ ಅರೇಲಿಸ್ಟ್ ಕೊಟ್ಟಿದ್ದೆ. ಆದರೂ ಓದಿದ ಆಬ್ಜೆಕ್ಟಿಗೆ ಟ್ಯಾಗ್ ಸೇರಿಸಲು ಹೋದರೆ ನಲ್‌ಪಾಯಿಂಟರ್ ಎಕ್ಸೆಪ್ಶನ್. ಆ ಫೈಲಿನ ಬರಹದಲ್ಲಿ ಟ್ಯಾಗ್ ಇರಲಿಲ್ಲ, ನಿಜ. ಆದರೆ ಖಾಲಿ ಲಿಸ್ಟಾದರೂ ಇರಬೇಕಿತ್ತಲ್ಲ? ಇರಲಿಲ್ಲ, ಯಾಕೆಂದರೆ ನಾನು ಬರೆದಿದ್ದ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಕಟ್ಟುವ ಕೋಡ್) ಒಂದೇ, ಅದಕ್ಕೂ ಎರಡು ಆರ್ಗ್ಯುಮೆಂಟ್ (ಹೊರಗಿನಿಂದ ಕೊಡುವ ಬೆಲೆ) ಬೇಕು. ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಸಿಗದಿದ್ದರೆ ಜಿಸಾನ್ 'ಅನ್‌ಸೇಫ್' ಅನ್ನುವ ಒಳದಾರಿಯಿಂದ ಆಬ್ಜೆಕ್ಟ್ ಮಾಡುತ್ತದೆ. ಆ ದಾರಿಯಲ್ಲಿ ನಮ್ಮ ಕನ್‌ಸ್ಟ್ರಕ್ಟರ್ ಓಡುವುದೇ ಇಲ್ಲ, ಫೀಲ್ಡಿಗೆ ಕೊಟ್ಟ ಮೊದಲ ಬೆಲೆಗಳೂ ಕೂರುವುದಿಲ್ಲ. ಒಂದು ಖಾಲಿ ಪ್ರೈವೇಟ್ ಕನ್‌ಸ್ಟ್ರಕ್ಟರ್ ಸೇರಿಸಿದೆ, ಸರಿಹೋಯಿತು.

ಬರೆಯುವಾಗಲೂ ಕೈಕೊಡುವ ಜಾಗ ಒಂದಿದೆ. ಪುಸ್ತಕದೊಳಗೆ ಲೇಖಕ, ಲೇಖಕರೊಳಗೆ ಅದೇ ಪುಸ್ತಕಗಳ ಲಿಸ್ಟ್ ಇದ್ದರೆ ಜಿಸಾನ್ ಸುತ್ತುತ್ತಲೇ ಹೋಗಿ ಸ್ಟ್ಯಾಕ್‌ಓವರ್‌ಫ್ಲೋ ಎರರ್ ಕೊಡುತ್ತದೆ. ಒಂದು ಕಡೆಯ ಫೀಲ್ಡನ್ನು ಟ್ರಾನ್ಸಿಯೆಂಟ್ ಮಾಡಿ, ಇಲ್ಲವೇ ಆಬ್ಜೆಕ್ಟಿನ ಬದಲು ಐಡಿ ಇಡಿ.

ಇನ್ನು ಫೀಲ್ಡಿನ ಹೆಸರು ಬದಲಿಸುವುದು. 'ಪುಟ'ವನ್ನು 'ಪುಟಸಂಖ್ಯೆ' ಮಾಡಿ ಹಳೆಯ ಫೈಲ್ ಓದಿದರೆ ಎರರ್ ಏನೂ ಬರುವುದಿಲ್ಲ. ಗೊತ್ತಿಲ್ಲದ ಹೆಸರನ್ನು ಜಿಸಾನ್ ಹಾರಿಸಿಬಿಡುತ್ತದೆ, ಪುಟಸಂಖ್ಯೆ 0 ಆಗಿ ಕೂರುತ್ತದೆ. ಎರರ್ ಬಂದಿದ್ದರೆ ಎಷ್ಟೋ ವಾಸಿ ಅನ್ನಿಸುತ್ತದೆ ನನಗೆ. ಇದಕ್ಕೆ ಮದ್ದು 'ಸೀರಿಯಲೈಸ್ಡ್‌ನೇಮ್' ಅನ್ನುವ ಅನೋಟೇಶನ್ (ಫೀಲ್ಡಿನ ಮೇಲೆ ಹಾಕುವ ಗುರುತು). ಅದರ 'ಆಲ್ಟರ್ನೇಟ್' ಜಾಗದಲ್ಲಿ ಹಳೆಯ ಹೆಸರು ಕೊಟ್ಟರೆ ಎರಡೂ ಥರದ ಫೈಲ್ ಓದುತ್ತದೆ, ಬರೆಯುವಾಗ ಹೊಸ ಹೆಸರಲ್ಲೇ ಬರೆಯುತ್ತದೆ.