ಬಸ್ಟರ್ ಕೀಟನ್: ಮೊದಲ 26 ವರ್ಷ, ಮತ್ತು ಒಂದೇ ಫ್ರೇಮಿನಲ್ಲಿ ಒಂಬತ್ತು ಕೀಟನ್

ಮೂಕಿ ಕಾಮಿಡಿಯ ಪಾಠದಲ್ಲಿ ಚಾಪ್ಲಿನ್ ಮುಗಿದ ತಕ್ಷಣ ಬರುವವನು ಬಸ್ಟರ್ ಕೀಟನ್. ಅವನ ಹೆಸರಾಂತ ಚಿತ್ರ 'ದ ಜನರಲ್' ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ, ಹಾಗಾಗಿ ಅದನ್ನು ಇಲ್ಲಿ ಮುಟ್ಟಿಲ್ಲ. ಈ ಟಿಪ್ಪಣಿ 1895ರಿಂದ 1921ರ ತನಕ ಮಾತ್ರ. ಕೊನೆಯ ಭಾಗ ಉದ್ದವಾಗಿದೆ. ತಲೆ ಕೆಡಿಸಿದ್ದೇ ಅದು, ಅದಕ್ಕೆ.

ನೆನಪಿಗೆ ಒಂದು ಅಡ್ಡದಾರಿ

ಇಸವಿ ಉರು ಹೊಡೆಯಬೇಡಿ. ಆಗ ಅವನು ಯಾರ ಕೈಕೆಳಗಿದ್ದ ಅಂತ ಕೇಳಿಕೊಳ್ಳಿ. 1917ರ ಶುರುವಿನ ತನಕ ಅಪ್ಪ. 1917ರಿಂದ 1920ರ ತನಕ ಮೂಕಿ ಕಾಮಿಡಿಯ ನಟ, ನಿರ್ದೇಶಕ ರಾಸ್ಕೋ ಆರ್ಬಕಲ್. 1920ರಿಂದ ಅವನೇ. ಈ ಮೂರನೆಯದು ಪೂರ್ತಿ ನಿಜ ಅಲ್ಲ, ಯಾಕಂದ್ರೆ ದುಡ್ಡು ಹಾಕುತ್ತಿದ್ದವನು ನಿರ್ಮಾಪಕ ಜೋಸೆಫ್ ಶೆಂಕ್, ಆರ್ಬಕಲ್ ಚಿತ್ರಗಳಿಗೂ ಅವನೇ. ಆದರೆ ಸೆಟ್ಟಿನಲ್ಲಿ ಏನಾಗಬೇಕು ಅನ್ನುವುದು 1920ರಿಂದ ಕೀಟನ್ ಕೈಗೆ ಬಂತು. ನಮಗೆ ಬೇಕಾದದ್ದು ಅಷ್ಟೇ.

ಅಪ್ಪನ ಕಾಲ

ಹುಟ್ಟಿದ್ದು 1895ರ ಅಕ್ಟೋಬರ್ 4, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಲ್ಲಿ. ನಿಜವಾದ ಹೆಸರು ಜೋಸೆಫ್ ಫ್ರಾಂಕ್ ಕೀಟನ್. ಪಿಕ್ವಾ ಅವರ ಊರೇನೂ ಅಲ್ಲ. ಅಪ್ಪ ಜೋ, ಅಮ್ಮ ಮೈರಾ ಇಬ್ಬರೂ ಊರೂರು ತಿರುಗುವ ಮೆಡಿಸಿನ್ ಶೋನಲ್ಲಿದ್ದರು. ಹಾಡು, ಕುಣಿತ, ತಮಾಷೆ ತೋರಿಸಿ ಜನ ಸೇರಿಸುವುದು, ಸೇರಿದವರಿಗೆ ಬಾಟಲಿ ಔಷಧ ಮಾರುವುದು, ಇಷ್ಟೇ ಆ ಕಂಪನಿಯ ಕೆಲಸ. ಆ ಊರಿಗೆ ಬಂದಾಗ ಹೆರಿಗೆ ಆಯಿತು, ಅಷ್ಟೇ.

ಬಸ್ಟರ್ ಅನ್ನುವ ಹೆಸರಿನ ಕಥೆಯನ್ನು ಹುಷಾರಾಗಿ ಬರೆಯಿರಿ. ಮಗು ಮೆಟ್ಟಿಲಿಂದ ಉರುಳಿ ಬಿದ್ದು ಏನೂ ಆಗದ ಹಾಗೆ ಎದ್ದು ಕೂತಿತು, ಅದನ್ನು ನೋಡಿದ ಜಾದೂಗಾರ ಹ್ಯಾರಿ ಹೂಡಿನಿ ಆ ಹೆಸರಿಟ್ಟ ಅಂತ ಎಲ್ಲ ಕಡೆ ಇದೆ. ಹೂಡಿನಿ ಈ ಕುಟುಂಬಕ್ಕೆ ಪರಿಚಯ ಇದ್ದದ್ದು ನಿಜ. ಆದರೆ ಹಳೆಯ ವರದಿಗಳಲ್ಲಿ ಹೆಸರಿಟ್ಟವನು ಜಾರ್ಜ್ ಪಾರ್ಡಿ ಎಂಬ ನಟ. ಹೂಡಿನಿ ಆಮೇಲೆ ಬಂದು ಸೇರಿಕೊಂಡ. ಜೋ ಕೀಟನ್ ಪ್ರಚಾರದಲ್ಲಿ ಪಳಗಿದ ಕೈ. ಯಾವ ಹೆಸರು ಹಾಕಿದರೆ ಪೇಪರಿನವರು ಅಚ್ಚು ಹಾಕುತ್ತಾರೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗುವನ್ನು ಸುಂಟರಗಾಳಿ ಕಿಟಕಿಯಿಂದ ಎತ್ತಿಕೊಂಡು ಹೋಯಿತು ಅನ್ನುವ ಕಥೆಯನ್ನೂ ಇದೇ ಲೆಕ್ಕಕ್ಕೆ ಹಾಕಿಕೊಳ್ಳಿ. ಬಲಗೈ ತೋರುಬೆರಳಿನ ತುದಿ ಹೋಗಿದ್ದು ಮಾತ್ರ ದಿಟ. ಬಟ್ಟೆ ಹಿಂಡುವ ಯಂತ್ರಕ್ಕೆ ಸಿಕ್ಕಿಕೊಂಡಿತ್ತು. ಕ್ಲೋಸಪ್‌ಗಳಲ್ಲಿ ಕೈ ಗಮನಿಸಿದರೆ ಕಾಣುತ್ತದೆ.

ಆಮೇಲೆ ಕುಟುಂಬ ವಾಡೆವಿಲ್‌ಗೆ ಬಂತು. ಒಂದೇ ಸಂಜೆಗೆ ಹಾಡುಗಾರರು, ಸರ್ಕಸ್ಸಿನವರು, ನಾಯಿ ಆಡಿಸುವವರು, ಕಾಮಿಡಿಯವರು ಒಬ್ಬರಾದ ಮೇಲೆ ಒಬ್ಬರು ಬಂದು ತಲಾ ಹದಿನೈದಿಪ್ಪತ್ತು ನಿಮಿಷ ಆಡಿ ಹೋಗುವ ರಂಗ ಅದು. 'ತ್ರೀ ಕೀಟನ್ಸ್' ತಂಡದ ಆಟ ಒಂದೇ ಸಾಲಿನದು: ಮಗ ಹೇಳಿದ ಮಾತು ಕೇಳುವುದಿಲ್ಲ, ಅಪ್ಪ ಅವನನ್ನು ಎತ್ತಿ ಎಸೆಯುತ್ತಾನೆ. ಸೀನರಿ ಪರದೆಗೆ, ವಾದ್ಯದವರು ಕೂರುವ ಗುಂಡಿಗೆ, ಎಲ್ಲಿಗೆ ಬೇಕಾದರೂ. ಎತ್ತಲು ಸುಲಭವಾಗಲಿ ಅಂತ ಹುಡುಗನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು! ಅಮ್ಮ ಒಂದು ಕಡೆ ನಿಂತು ಸ್ಯಾಕ್ಸೊಫೋನ್ ನುಡಿಸುತ್ತಿದ್ದಳು.

ಆ ಕಾಲಕ್ಕೂ ಇದು ಅತಿ ಅನ್ನಿಸಿತ್ತು. ನ್ಯೂಯಾರ್ಕಿನಲ್ಲಿ ಮಕ್ಕಳ ಮೇಲಿನ ಹಿಂಸೆ ತಡೆಯುವ ಸಂಘ ಒಂದಿತ್ತು, ಜನ ಅದನ್ನು ಗೆರಿ ಸೊಸೈಟಿ ಅನ್ನುತ್ತಿದ್ದರು. ಅವರು ಈ ತಂಡದ ಬೆನ್ನು ಬಿಡಲಿಲ್ಲ. ಅಂಗಿ ಬಿಚ್ಚಿಸಿ ಮೈಮೇಲೆ ಗಾಯ ಹುಡುಕಿದರು, ಏನೂ ಸಿಗಲಿಲ್ಲ ಅಂತ ಕೀಟನ್ ಆಮೇಲೆ ಹೇಳಿಕೊಂಡಿದ್ದಾನೆ. ಕೆಲಕಾಲ ನ್ಯೂಯಾರ್ಕಿನಲ್ಲಿ ಆಟವೇ ಬಂದ್ ಆಯಿತು. ವಾಪಸ್ ಬರುವಾಗ ಅಪ್ಪ ಮಗನ ವಯಸ್ಸು ಜಾಸ್ತಿ ಹೇಳಿದ. ಮಗನಿಗೆ ನೋವಾಗುತ್ತಿರಲಿಲ್ಲ ಅಂತ ಓದಿದಾಗ ಸುಮ್ನೆ ಒಪ್ಪಿಕೊಳ್ಳುವುದು ನನಗೆ ಕಷ್ಟ. ಹಾಗೆ ಹೇಳಿದವರು ಅಪ್ಪ ಮತ್ತು ಅಪ್ಪನನ್ನು ಬಿಟ್ಟುಕೊಡದ ಮಗ, ಅಲ್ವಾ?

ಇಲ್ಲಿಂದ ಎರಡು ವಿಷಯ ಗುರುತು ಹಾಕಿಕೊಳ್ಳಿ. ಒಂದು, ಬೀಳುವ ಕಲೆ: ಮೈ ಸಡಿಲ ಬಿಟ್ಟು, ಕೈಯಿಂದಲೋ ಕಾಲಿಂದಲೋ ಪೆಟ್ಟಿನ ಜೋರು ಮುರಿಯುವುದು. ಎರಡು, ಕಲ್ಲುಮುಖ. ತಾನು ನಕ್ಕರೆ ಜನ ಕಡಿಮೆ ನಗುತ್ತಾರೆ, ಮುಖ ಬಿಗಿದುಕೊಂಡರೆ ಹೊಟ್ಟೆ ಹಿಡಿದು ನಗುತ್ತಾರೆ ಅನ್ನುವುದು ಹುಡುಗನಿಗೆ ವೇದಿಕೆ ಮೇಲೇ ಹೊಳೆಯಿತು. ಅಂದರೆ ಆ ಮುಖ ಸಿನಿಮಾಗಾಗಿ ಮಾಡಿಕೊಂಡದ್ದಲ್ಲ.

ಅಪ್ಪನ ಕುಡಿತ ಹೆಚ್ಚಾಯಿತು. ಮಗ ದೊಡ್ಡವನಾಗಿದ್ದ. ಕುಡಿದವನ ಕೈಯಲ್ಲಿ ಎಸೆಸಿಕೊಳ್ಳುವುದು ತಮಾಷೆ ಅಲ್ಲ. ಅದರಲ್ಲೂ ಇದು ಇಬ್ಬರ ಟೈಮಿಂಗ್ ಮೇಲೆ ನಿಂತ ಆಟ. 1917ರ ಶುರುವಿನಲ್ಲಿ ಅಮ್ಮ ಮಗ ಇಬ್ಬರೂ ಜೋನನ್ನು ಬಿಟ್ಟು ಹೊರಟರು. ತಂಡ ಮುಗಿಯಿತು.

ಆರ್ಬಕಲ್ ಕಾಲ

ನ್ಯೂಯಾರ್ಕಿಗೆ ಬಂದ ಕೀಟನ್‌ಗೆ ಒಂದು ದೊಡ್ಡ ರಂಗಪ್ರದರ್ಶನದಲ್ಲಿ ವಾರಕ್ಕೆ 250 ಡಾಲರ್ ಕೆಲಸ ಸಿಕ್ಕಿತು. ಅದು ಶುರುವಾಗುವ ಮೊದಲೇ ಪರಿಚಯದವನೊಬ್ಬ ಅವನನ್ನು ಆರ್ಬಕಲ್ ಇದ್ದ ಸ್ಟುಡಿಯೋಗೆ ಕರೆದುಕೊಂಡು ಹೋದ. ಅವತ್ತೇ ಒಂದು ದೃಶ್ಯದಲ್ಲಿ ನಿಲ್ಲಿಸಿದರು. ಅದು 'ದ ಬುಚರ್ ಬಾಯ್', ಬಿಡುಗಡೆ 1917ರ ಏಪ್ರಿಲ್.

ಆ ದೃಶ್ಯ ನಿಧಾನಕ್ಕೆ ನೋಡಿ. ಕೀಟನ್ ಅಂಗಡಿಗೆ ಬಂದು ಮೊಲಾಸಿಸ್ ಕೇಳುತ್ತಾನೆ, ನಮ್ಮ ಜೋನಿ ಬೆಲ್ಲದಂಥ ಅಂಟು ಪಾಕ ಅದು. ಕೈಯಲ್ಲಿ ಡಬ್ಬ. ಆರ್ಬಕಲ್ ತುಂಬಿಸಿ ಕೊಟ್ಟು ದುಡ್ಡು ಕೇಳುತ್ತಾನೆ. ದುಡ್ಡು ಡಬ್ಬದ ತಳದಲ್ಲಿದೆ! ಆರ್ಬಕಲ್ ಉಪಾಯವಾಗಿ ಪಾಕವನ್ನು ಕೀಟನ್‌ನ ಟೋಪಿಗೆ ಸುರಿದು, ನಾಣ್ಯ ತೆಗೆದುಕೊಂಡು, ಪಾಕವನ್ನು ಡಬ್ಬಕ್ಕೆ ಹಾಕಿ, ಟೋಪಿ ವಾಪಸ್ ಕೊಡುತ್ತಾನೆ. ಟೋಪಿ ತಲೆಗೆ ಅಂಟುತ್ತದೆ, ಆಮೇಲೆ ನೆಲದ ಮೇಲೆ ಚೆಲ್ಲಿದ ಪಾಕಕ್ಕೆ ಕಾಲೂ ಅಂಟುತ್ತದೆ. ಸುತ್ತ ಎಲ್ಲರೂ ಕೈಕಾಲು ಬೀಸುತ್ತಿರುವಾಗ ಹೊಸಬ ಒಬ್ಬನೇ ನಿಧಾನ. ಮೊದಲ ಸಲ ಕ್ಯಾಮೆರಾ ಮುಂದೆ ನಿಂತವನ ಹಾಗೆ ಒಂದಿಷ್ಟೂ ಕಾಣುವುದಿಲ್ಲ.

ಕೀಟನ್‌ಗೆ ನಟನೆಗಿಂತ ಯಂತ್ರದ ಮೇಲೆ ಹುಚ್ಚು ಹಿಡಿಯಿತು. ಕ್ಯಾಮೆರಾ ಬಿಚ್ಚಿ, ಒಳಗೆ ಫಿಲ್ಮ್ ಹೇಗೆ ಓಡುತ್ತದೆ ಅಂತ ನೋಡಿಕೊಂಡ. 250 ಡಾಲರಿನ ಕೆಲಸ ಬಿಟ್ಟು ವಾರಕ್ಕೆ 40 ಡಾಲರಿಗೆ ಸಿನಿಮಾ ಸೇರಿದ. ಪರೀಕ್ಷೆಗೆ ಒಂದೇ ಸಾಲು ಬರೆಯಲು ಜಾಗ ಇದ್ದರೆ ಈ 250, 40 ಬರೆಯಿರಿ.

ಇನ್ನೊಂದು ವಿಷಯ. ಆರ್ಬಕಲ್ ಅವನಿಗೆ, ಪ್ರೇಕ್ಷಕರ ಬುದ್ಧಿ ಹನ್ನೆರಡು ವರ್ಷದ್ದು ಅಂತ ತಿಳಿದು ಕೆಲಸ ಮಾಡು ಅಂದಿದ್ದನಂತೆ. ಆ ನಂಬಿಕೆ ಬಿಡು ಅಂತ ಕೀಟನ್ ಆಮೇಲೆ ತಿರುಗಿ ಹೇಳಿದನಂತೆ. ಇಬ್ಬರ ಚಿತ್ರಗಳ ವ್ಯತ್ಯಾಸ ಇದರಲ್ಲೇ ಸಿಗುತ್ತದೆ. ಆದರೆ ಕಲಿಸಿದ ಗುರು ಆರ್ಬಕಲ್ಲೇ, ಅದನ್ನು ಕೀಟನ್ ಯಾವತ್ತೂ ಮರೆಯಲಿಲ್ಲ.

'ಕೋನಿ ಐಲೆಂಡ್' (1917) ನೋಡಿದರೆ ಕೀಟನ್ ನಗುವುದೂ ಅಳುವುದೂ ಕಾಣುತ್ತದೆ. ಹಾಗಾಗಿ 'ಪರದೆ ಮೇಲೆ ಒಮ್ಮೆಯೂ ನಗಲಿಲ್ಲ' ಅಂತ ಉತ್ತರದಲ್ಲಿ ಬರೆಯಬೇಡಿ. 1918ರಲ್ಲಿ ಸೈನ್ಯಕ್ಕೆ ಕರೆ ಬಂತು, ಫ್ರಾನ್ಸಿಗೆ ಹೋದ, ಕಿವಿ ಸೋಂಕಾಗಿ ಕೇಳಿಸುವುದು ಕಡಿಮೆಯಾಯಿತು. 1919ರಲ್ಲಿ ವಾಪಸ್. ಜಾಸ್ತಿ ಸಂಬಳದ ಕರೆಗಳು ಬಂದರೂ ಆರ್ಬಕಲ್ ಹತ್ತಿರವೇ ಹೋದ. ಕೊನೆಯ ಜೋಡಿ ಚಿತ್ರ 'ದ ಗರಾಜ್', 1920.

ಸ್ವಂತ ಚಿತ್ರಗಳು: ತೆಗೆದ ಕ್ರಮ, ಬಿಟ್ಟ ಕ್ರಮ

ಆರ್ಬಕಲ್ ದೊಡ್ಡ ಚಿತ್ರಗಳಿಗೆ ಹೋದಮೇಲೆ ಶೆಂಕ್ ಕೀಟನ್‌ಗೆ ಬೇರೆ ತಂಡ ಮಾಡಿಕೊಟ್ಟ. ಚಾಪ್ಲಿನ್ ಹಿಂದೆ ಕೆಲಸ ಮಾಡಿದ್ದ ಸ್ಟುಡಿಯೋ ಸಿಕ್ಕಿತು. ಮೊದಲು ತೆಗೆದದ್ದು 'ದ ಹೈ ಸೈನ್'. ಕೀಟನ್‌ಗೆ ಅದು ಹಿಡಿಸಲಿಲ್ಲ, ಡಬ್ಬಿಯಲ್ಲೇ ಇಟ್ಟ. ಆಮೇಲೆ ಬೇರೆಯವರ ಚಿತ್ರ 'ದ ಸ್ಯಾಪ್‌ಹೆಡ್'ನಲ್ಲಿ ನಟಿಸಿದ. ಆಮೇಲೆ ತೆಗೆದದ್ದು 'ಒನ್ ವೀಕ್'. ಆದರೆ ಜನ ಮೊದಲು ನೋಡಿದ್ದು 'ಒನ್ ವೀಕ್' (1920ರ ಸೆಪ್ಟೆಂಬರ್). 'ಹೈ ಸೈನ್' ಬಂದಿದ್ದು 1921ರಲ್ಲಿ.

'ಒನ್ ವೀಕ್' ಕಥೆ ಗೊತ್ತಲ್ಲ. ಹೊಸ ಜೋಡಿ, ಪೆಟ್ಟಿಗೆಗಳಲ್ಲಿ ಬಂದ ಮನೆ, ಅಸೂಯೆಪಟ್ಟವನು ಪೆಟ್ಟಿಗೆಯ ನಂಬರ್ ಬದಲಾಯಿಸಿ ಮನೆ ಸೊಟ್ಟ ಆಗುತ್ತದೆ. ಬಿರುಗಾಳಿಗೆ ಇಡೀ ಮನೆ ಗಿರಗಿರ ತಿರುಗುತ್ತದೆ, ಅದಕ್ಕೆ ತಿರುಗುವ ವೇದಿಕೆ ಮೇಲೇ ಕಟ್ಟಿದ್ದರು. ಕೊನೆಗೆ ಮನೆ ಎಳೆಯುವಾಗ ರೈಲು ಹಳಿ ಮೇಲೆ ಸಿಕ್ಕಿಕೊಳ್ಳುತ್ತದೆ. ರೈಲು ಬರುತ್ತದೆ, ಗಂಡ ಹೆಂಡತಿ ಕಣ್ಣು ಮುಚ್ಚುತ್ತಾರೆ, ರೈಲು ಪಕ್ಕದ ಹಳಿಯಲ್ಲಿ ಹಾದುಹೋಗುತ್ತದೆ. ಅಬ್ಬ ಅನ್ನುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆ ಪುಡಿ. ಇಲ್ಲಿ ನಗು ಬರುವುದು ನಾವು ಉಸಿರು ಬಿಟ್ಟ ಕ್ಷಣಕ್ಕೆ ಸರಿಯಾಗಿ ಎರಡನೇ ರೈಲು ಬರುವುದರಿಂದ. ಅರ್ಧ ಸೆಕೆಂಡ್ ತಡವಾದರೂ ಕೆಟ್ಟಿತು.

'ದ ಪ್ಲೇಹೌಸ್': ಒಂಬತ್ತು ಜನ ಹೇಗೆ ಬಂದರು?

1921ರಲ್ಲಿ 'ದ ಎಲೆಕ್ಟ್ರಿಕ್ ಹೌಸ್' ತೆಗೆಯುವಾಗ ಎಸ್ಕಲೇಟರಿನಲ್ಲಿ ಕಾಲು ಸಿಕ್ಕಿ ಮೂಳೆ ಮುರಿಯಿತು. ಬಿಡುಗಡೆಯ ಸರದಿ ತಪ್ಪಬಾರದು ಅಂತ 'ಹೈ ಸೈನ್' ಡಬ್ಬಿಯಿಂದ ಹೊರಬಂತು. ಅದೇ ವರ್ಷ ಮೇ 31ಕ್ಕೆ ನಟಾಲಿ ಟಾಲ್‌ಮ್ಯಾಡ್ಜ್ ಜೊತೆ ಮದುವೆ. ಕಾಲು ಸರಿಹೋದರೂ ಬೀಳುವ ಏಳುವ ಆಟ ಕೂಡಲೇ ಆಡುವ ಹಾಗಿರಲಿಲ್ಲ. ಆಗ ಮೈಯ ಬದಲು ಕ್ಯಾಮೆರಾದಿಂದ ಸರ್ಕಸ್ ಮಾಡಿಸಿದ.

ಹಾಗೆ ಬಂದ 'ಪ್ಲೇಹೌಸ್' ಚಿತ್ರದ ಮೊದಲ ಭಾಗ ಒಂದು ನಾಟಕಶಾಲೆ. ವಾದ್ಯದವರು, ವೇದಿಕೆಯವರು, ನೋಡುವ ಅಜ್ಜಿ, ತುಂಟ ಹುಡುಗ ಎಲ್ಲರೂ ಕೀಟನ್ನೇ. ಕಾರ್ಯಕ್ರಮದ ಹಾಳೆಯಲ್ಲೂ ಎಲ್ಲ ಕೆಲಸಕ್ಕೂ ಅವನದೇ ಹೆಸರು. ಎಲ್ಲದಕ್ಕೂ ತನ್ನ ಹೆಸರು ಹಾಕಿಕೊಳ್ಳುತ್ತಿದ್ದ ನಿರ್ಮಾಪಕ ಥಾಮಸ್ ಇನ್ಸ್ ಮೇಲಿನ ಕುಟುಕು ಅದು. ವೇದಿಕೆ ಮೇಲೆ ಒಂಬತ್ತು ಕೀಟನ್‌ಗಳ ಮಿನ್‌ಸ್ಟ್ರೆಲ್ ಮೇಳ ಕೂತಿರುತ್ತದೆ. ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ಪದ್ಧತಿ ಅದು. ಇವತ್ತು ನೋಡುವಾಗ ಮುಜುಗರವಾಗುತ್ತದೆ, ಆಗಲೇಬೇಕು.

ಈಗ ಲೆಕ್ಕ. ಎಲ್ಲರ ಪ್ರಶ್ನೆ ಒಂದೇ: ಒಂದೇ ಫಿಲ್ಮಿನ ಮೇಲೆ ಒಂಬತ್ತು ಸಲ ತೆಗೆದರೆ ಬೆಳಕು ಒಂಬತ್ತು ಪಟ್ಟು ಬಿದ್ದು ಚಿತ್ರ ಬೆಳ್ಳಗಾಗುವುದಿಲ್ವಾ? ದೆವ್ವದ ಹಾಗೆ ಒಬ್ಬರೊಳಗೊಬ್ಬರು ಕಾಣುವುದಿಲ್ವಾ?

ಇಲ್ಲ. ಫಿಲ್ಮು ಒಂಬತ್ತು ಸಲ ಓಡುತ್ತದೆ, ಆದರೆ ಫ್ರೇಮಿನ ಯಾವ ಜಾಗಕ್ಕೂ ಒಂದಕ್ಕಿಂತ ಹೆಚ್ಚು ಸಲ ಬೆಳಕು ಬೀಳುವುದಿಲ್ಲ. ಕ್ಯಾಮೆರಾಮನ್ ಎಲ್ಜಿನ್ ಲೆಸ್ಲಿ. ಕ್ಯಾಮೆರಾ ಮುಂದೆ ಬೆಳಕು ನುಗ್ಗದ ಪೆಟ್ಟಿಗೆ, ಅದರಲ್ಲಿ ಅಕ್ಕಪಕ್ಕ ಮೇಲಿಂದ ಕೆಳಕ್ಕೆ ಒಂಬತ್ತು ಪಟ್ಟಿ ಬಾಗಿಲು. ಮೊದಲ ಪಟ್ಟಿ ತೆರೆದು ಎಂಟು ಮುಚ್ಚಿ ಮೊದಲ ಕೀಟನ್‌ನನ್ನು ತೆಗೆಯಬೇಕು. ಎಲ್ಲ ಮುಚ್ಚಿ ಫಿಲ್ಮನ್ನು ಶುರುವಿಗೆ ಸುತ್ತಬೇಕು. ಎರಡನೇ ಪಟ್ಟಿ ತೆರೆಯಬೇಕು, ಕೀಟನ್ ಎರಡನೇ ಕುರ್ಚಿಗೆ. ಹೀಗೇ ಒಂಬತ್ತು. ಪಟ್ಟಿಗಳ ಮಧ್ಯೆ ಸಂದು ಉಳಿದರೆ ಪರದೆ ಮೇಲೆ ಕಪ್ಪು ಗೆರೆ, ಒಂದರ ಮೇಲೊಂದು ಏರಿದರೆ ಬಿಳಿ ಗೆರೆ. ಕೀಟನ್ ಕೈ ಚಾಚಿ ತನ್ನ ಪಟ್ಟಿ ದಾಟಿದರೆ ಆ ಕೈ ಅಲ್ಲಿಗೇ ಕತ್ತರಿಸಿಹೋಗುತ್ತದೆ. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು.

ಇದಿಷ್ಟು ಅರ್ಥವಾದರೂ ಅರ್ಧ ಮಾತ್ರ ಆಯಿತು. ಕ್ಯಾಮೆರಾ ಕೈಯಿಂದ ತಿರುಗಿಸುವಂಥದ್ದು. ಹ್ಯಾಂಡಲ್ ಒಂದು ಸುತ್ತಿಗೆ 8 ಫ್ರೇಮ್ (ಫಿಲ್ಮಿನ ಮೇಲಿನ ಒಂದೊಂದು ಬಿಡಿ ಚಿತ್ರವೇ ಫ್ರೇಮ್), ಸೆಕೆಂಡಿಗೆ ಎರಡು ಸುತ್ತು ಅಂದರೆ 16 ಫ್ರೇಮ್. ದೃಶ್ಯ 30 ಸೆಕೆಂಡ್ ಅಂದುಕೊಳ್ಳಿ: 60 ಸುತ್ತು, 480 ಫ್ರೇಮ್. ಐದನೇ ಸಲ ಕೈ ಸ್ವಲ್ಪ ನಿಧಾನವಾಗಿ ಅದೇ 30 ಸೆಕೆಂಡಿಗೆ 58 ಸುತ್ತು ಬಂತು ಅನ್ನಿ. ಆಗ 464 ಫ್ರೇಮ್. ಐದನೇ ಕೀಟನ್‌ನ ಇಡೀ ಆಟ 16 ಫ್ರೇಮ್ ಕಡಿಮೆ ಜಾಗದಲ್ಲಿ ತುಂಬಿಕೊಂಡಿತು. ಪರದೆ ಮೇಲೆ ಎಲ್ಲವನ್ನೂ ಸೆಕೆಂಡಿಗೆ 16ರ ಲೆಕ್ಕದಲ್ಲೇ ಓಡಿಸಿದಾಗ, ಉಳಿದ ಎಂಟು ಜನಕ್ಕಿಂತ ಒಂದು ಸೆಕೆಂಡ್ ಮುಂಚೆ ಅವನದು ಮುಗಿದುಹೋಗುತ್ತದೆ! ಕ್ಯಾಮೆರಾ ನಿಧಾನ ತಿರುಗಿದರೆ ಪರದೆ ಮೇಲೆ ಆಟ ವೇಗವಾಗುತ್ತದೆ. ಇದು ಉಲ್ಟಾ ಅನ್ನಿಸುತ್ತದೆ, ಇನ್ನೊಂದು ಸಲ ಓದಿ. ಜೊತೆಗೆ ನಿಧಾನ ತಿರುಗಿದಾಗ ಒಂದೊಂದು ಫ್ರೇಮಿಗೂ ಬೆಳಕು ಜಾಸ್ತಿ ಹೊತ್ತು ಬೀಳುತ್ತದೆ. ಹಾಗಾಗಿ ಐದನೇ ಪಟ್ಟಿ ಉಳಿದವಕ್ಕಿಂತ ಬೆಳ್ಳಗೆ ಕಂಡು ಗುಟ್ಟು ರಟ್ಟಾಗುತ್ತದೆ.

ಹಾಗಾದರೆ ಇಬ್ಬರಿಗೆ ಗಡಿಯಾರ ಬೇಕು, ಒಂದು ಕ್ಯಾಮೆರಾಮನ್‌ಗೆ, ಒಂದು ನಟನಿಗೆ. ಲೆಸ್ಲಿಯ ಕೈಯೇ ಗಡಿಯಾರ. ಅಷ್ಟು ಒಂದೇ ಸಮ ತಿರುಗಿಸುತ್ತಿದ್ದ, ಕೀಟನ್ ಅದನ್ನು ಕೊನೆತನಕ ಹೊಗಳಿದ. ಕೀಟನ್‌ಗೆ ಪಕ್ಕದಲ್ಲಿ ಬ್ಯಾಂಜೋ ನುಡಿಸುತ್ತಿದ್ದರು. ಇಂಥ ತಾಳಕ್ಕೆ ತಲೆ ತಿರುಗಿಸು, ಇಂಥ ತಾಳಕ್ಕೆ ಎದ್ದು ನಿಲ್ಲು ಅಂತ ಕುಣಿತದ ಹೆಜ್ಜೆಯ ಹಾಗೆ ಒಂಬತ್ತು ಪಾತ್ರದ ಚಲನೆಯನ್ನೂ ಬಾಯಿಪಾಠ ಮಾಡಿಕೊಂಡಿದ್ದ. ಖಾಲಿ ಕುರ್ಚಿ ಕಡೆ ನೋಡಿ, ಅಲ್ಲಿ ಇನ್ನೂ ಹುಟ್ಟದ ಏಳನೇ ಕೀಟನ್‌ಗೆ ಉತ್ತರ ಕೊಡಬೇಕು. ಒಂಬತ್ತನೇ ಸಲ ಎಡವಿದರೆ ಮೊದಲ ಎಂಟೂ ಕಸದಬುಟ್ಟಿಗೆ, ಯಾಕಂದ್ರೆ ಎಲ್ಲ ಇರುವುದು ಒಂದೇ ನೆಗೆಟಿವ್‌ನಲ್ಲಿ. ಇಬ್ಬರು ಕೀಟನ್‌ಗಳು ಜೊತೆಯಾಗಿ ಕುಣಿಯುವ ದೃಶ್ಯಕ್ಕೂ ಇದೇ ವಿಧಾನ, ಎರಡೇ ಸಲ. ಅರ್ಥ ಮಾಡಿಕೊಳ್ಳಲು ಅದನ್ನೇ ಮೊದಲು ನೋಡಿ. ಕಾಲು ಒಟ್ಟಿಗೆ ನೆಲ ಮುಟ್ಟುತ್ತವಾ ಅಂತ ಗಮನಿಸಿ, ಆಮೇಲೆ ಒಂಬತ್ತರ ದೃಶ್ಯಕ್ಕೆ ಬನ್ನಿ.

ಚಿತ್ರ ಬಿಡುಗಡೆಯಾದದ್ದು 1921ರ ಅಕ್ಟೋಬರ್. ಕಾಲು ಮುರಿದ 'ಎಲೆಕ್ಟ್ರಿಕ್ ಹೌಸ್' ಅನ್ನು ಮರುವರ್ಷ ಮೊದಲಿಂದ ತೆಗೆದರು. ಎಸ್ಕಲೇಟರ್ ಅದರಲ್ಲೂ ಇದೆ.